ನಾವು ಬರೆದುಕೊಟ್ಟ ನಲವತ್ತು ಉತ್ತರಗಳು

ಪರೀಕ್ಷೆಯ ಭಯವು ಮನುಷ್ಯನಿಗೆ ಹುಟ್ಟಿನೊಡನೆ ಬಂದುದಲ್ಲ. ನಮ್ಮಂಥ ಮಾಸ್ತರರು ಕಲಿಸಿದುದು. ಬಬಲೇಶ್ವರದಲ್ಲಿ ಮೂವತ್ತು ವರ್ಷಗಳಿಗೆ ಮಿಕ್ಕಿ ಹೈಸ್ಕೂಲಿನ ಮಕ್ಕಳಿಗೆ ಸಂಸ್ಕೃತ ಕನ್ನಡಗಳ ಪಾಠ ಹೇಳಿ, ನಿವೃತ್ತರಾಗಿ ಈಗ ವಿಜಯಪುರದಲ್ಲಿ ಮನೆಮಾಡಿಕೊಂಡಿರುವ ನಮಗೆ ಈ ಮಾತು ಹೊಳೆಯಬೇಕಾದರೆ ಅರುವತ್ತು ವರ್ಷ ತುಂಬಬೇಕಾಯಿತು. ಹೊಳೆಯಿಸಿದವಳು ತಿಕೋಟಾದ ಒಬ್ಬ ದ್ರಾಕ್ಷಿ ಬೆಳೆಗಾರನ ಮಗಳು. ಇದರಲ್ಲಿ ನಮ್ಮ ತಪ್ಪೇ ಹೆಚ್ಚಾಗಿರುವದರಿಂದ ಹೇಳಿಕೊಳ್ಳಲು ಸಂಕೋಚವುಂಟು; ಆದರೂ ಮಕ್ಕಳನ್ನು ಸಂದರ್ಶನಕ್ಕೆ ಕಳಿಸುವ ತಾಯ್ತಂದೆಗಳಿಗೆ ಪ್ರಯೋಜನವಾದೀತೆಂದು ಬರೆಯುತ್ತಿದ್ದೇವೆ.

ಹೋದ ವರ್ಷ ಸಂಕ್ರಮಣದಲ್ಲಿ ಸಿದ್ಧೇಶ್ವರ ಜಾತ್ರೆಗೆಂದು ಪಟ್ಟಣಕ್ಕೆ ಬಂದ ನಮ್ಮ ಹಳೆಯ ಶಿಷ್ಯನೊಬ್ಬನು ಹೆಂಡತಿ ಮಗಳೊಡನೆ ನಮ್ಮ ಮನೆಗೂ ಬಂದನು. ಮಗಳು ಎಂಜಿನಿಯರಿಂಗ್ ಪದವೀಧರೆ. ಎರಡು ವರ್ಷ ಬೆಂಗಳೂರಿನ ಕಂಪನಿಯೊಂದರಲ್ಲಿ ದುಡಿದವಳು. ಆತನು ಕೈಮುಗಿದು, "ಗುರುಗಳ, ನಾನೂ ನಿಮ್ಮ ಕೈಯಾಗ ಕಲ್ತಾಂವ. ಈಗ ಈಕಿನ್ನೂ ನೀವ ದಂಡಿಗೆ ಹಚ್ಚಬೇಕ್ರಿ" ಎಂದನು. ತಾಯಿಯು ಮೆಲ್ಲಗೆ, "ಈ ವರ್ಷ ಒಂದ್ ನೋಡ್ತೀವ್ರಿ. ಆಗಲಿಲ್ಲಂದ್ರ ಲಗ್ನದ ಮಾತು ತಗೀತೀವಿ" ಎಂದಳು. ಹುಡುಗಿ ಏನೂ ಅನ್ನಲಿಲ್ಲ. ಮೂರು ಸಂಸ್ಥೆಗಳಿಂದ ಆಕೆಗೆ ಸಂದರ್ಶನದ ಕರೆ ಬಂದಿದ್ದವು. ಆಕೆಯ ಪಾಲಿಗೆ ಆ ಮೂರೇ ಬಾಗಿಲುಗಳು.

ಈ ವಿದ್ಯೆಯ ಪರಿಚಯವಿಲ್ಲದ ವಾಚಕರಿಗೆ ಎರಡು ಮಾತು ಹೇಳಬೇಕು. ವ್ಯವಹಾರವನ್ನೂ ಆಡಳಿತವನ್ನೂ ಶಾಸ್ತ್ರವಾಗಿ ಕಲಿಸುವ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟ್ ಎಂಬ ಸಂಸ್ಥೆಗಳು 1961ರಲ್ಲಿ ಕಲಕತ್ತೆ ಅಹಮದಾಬಾದುಗಳಲ್ಲಿ ಮೊದಲು ಹುಟ್ಟಿದವು, ಬೆಂಗಳೂರಿನದು 1973ರದು, ಈಗ ದೇಶದಲ್ಲಿ ಇಪ್ಪತ್ತಕ್ಕೂ ಮಿಕ್ಕಿವೆ. ಇವುಗಳ ಪ್ರವೇಶಕ್ಕಾಗಿ ನವೆಂಬರ ತಿಂಗಳಲ್ಲಿ ಕ್ಯಾಟ್ ಎಂಬ ಪರೀಕ್ಷೆ ನಡೆಯುವದು. ಎರಡು ಗಂಟೆಯ ಅವಧಿಯಲ್ಲಿ ಇಂಗ್ಲಿಷ್ ಭಾಷಾಜ್ಞಾನ, ಅಂಕಿಅಂಶಗಳ ವಿವೇಚನೆಯೊಡನೆ ತರ್ಕ, ಗಣಿತ—ಈ ಮೂರು ಭಾಗಗಳನ್ನು ಬರೆಯಬೇಕು. ಅದರ ಫಲವನ್ನು ಪರ್ಸೆಂಟೈಲ್ ಎಂಬ ಮಾನದಿಂದ ಹೇಳುವರು. ಇದು ನೂರಕ್ಕೆ ಬಂದ ಅಂಕವಲ್ಲ; ಬರೆದ ನೂರು ಜನರಲ್ಲಿ ಎಷ್ಟು ಜನರಿಗಿಂತ ಮುಂದಿದ್ದಾರೆಂಬ ಲೆಕ್ಕ. ಹತ್ತನೆಯ ತರಗತಿಯಿಂದ ಪದವಿಯ ವರೆಗಿನ ಅಂಕಗಳನ್ನೂ ಕೆಲಸದ ಅನುಭವವನ್ನೂ ಅನೇಕ ಸಂಸ್ಥೆಗಳು ಎಣಿಕೆಗೆ ಹಿಡಿಯುತ್ತವೆ. ಆ ಮೇಲೆ ಜನವರಿಯಿಂದ ವಸಂತದ ವರೆಗೆ ಸಂದರ್ಶನಗಳ ಕಾಲ. ಕೆಲವೆಡೆ ಮೊದಲು ಒಂದು ಚಿಕ್ಕ ಪ್ರಬಂಧವನ್ನು ಬರೆಯಿಸಿ, ಅನಂತರ ಇಬ್ಬರು ಮೂವರು ಪಂಡಿತರು ಕುಳಿತು ಇಪ್ಪತ್ತು ನಿಮಿಷಗಳ ಮಟ್ಟಿಗೆ ಮಾತನಾಡಿಸುವರು. ವರ್ಷಗಟ್ಟಲೆ ಓದಿದುದು ಆ ಇಪ್ಪತ್ತು ನಿಮಿಷಗಳ ತಕ್ಕಡಿಯಲ್ಲಿ ತೂಗುವದು.

ನಾವು ಈ ಕೆಲಸವನ್ನು ಬಹು ಉತ್ಸಾಹದಿಂದ ಕೈಕೊಂಡೆವು. ಒಂದು ನೋಟುಬುಕ್ಕಿನಲ್ಲಿ ನಲವತ್ತು ಪ್ರಶ್ನೆಗಳನ್ನು ಬರೆದು, ಪ್ರತಿಯೊಂದಕ್ಕೂ ನಮ್ಮ ಹಳೆಯ ಇಂಗ್ಲಿಷಿನಲ್ಲಿ ಉತ್ತರವನ್ನು ಕಟ್ಟಿದೆವು. ಬಾಲ್ಯದಲ್ಲಿ ಅಮರಕೋಶವನ್ನು ಕಂಠಪಾಠ ಮಾಡಿದ ನಮಗೆ ಬಾಯಿಪಾಠವೆ ವಿದ್ಯೆ. ಒಂದು ದಿನ ಆಕೆಯನ್ನು ಎದುರಿಗೆ ಕೂಡಿಸಿ, "ನಿನ್ನ ತಂದೆ ಏನು ಮಾಡುತ್ತಾರೆ?" ಎಂದು ಕೇಳಿದೆವು. "ದ್ರಾಕ್ಷಿ ಬೆಳೀತಾರ್ರಿ. ನಮ್ಮದು ಮಣೂಕದ ಶೆಡ್ ಐತ್ರಿ" ಎಂದಳು. ನಾವು ತಡೆದು, "ಶೆಡ್ಡಿನ ಮಾತು ಅಲ್ಲಿ ಬೇಡ, ಕೃಷಿ ಉದ್ಯಮಿ ಎಂದು ಹೇಳು, ಅದಕ್ಕೊಂದು ಗೌರವವುಂಟು" ಎಂದು ತಿದ್ದಿದೆವು. ಆಕೆಯ ತಂದೆಯೂ ಅಂದು ಅಲ್ಲಿಯೆ ಕುಳಿತಿದ್ದನು. ಆತನು ತನ್ನ ಎರಡೂ ಕೈಗಳನ್ನೊಮ್ಮೆ ನೋಡಿಕೊಂಡು ತಲೆಯಾಡಿಸಿದನು. ಅದನ್ನು ನಾವು ಕಂಡೆವು. ಕಂಡರೂ ಅದರ ಅರ್ಥವನ್ನು ವಿಚಾರಿಸಲಿಲ್ಲ.

ಫೆಬ್ರುವರಿಯ ಮೊದಲಲ್ಲಿ ಒಂದು ದೊಡ್ಡ ಪಟ್ಟಣದಲ್ಲಿ ಮೊದಲನೆಯ ಸಂದರ್ಶನವಾಯಿತು. ಫಲಿತಾಂಶ ಬರಲು ಇನ್ನೂ ತಿಂಗಳುಗಳಿದ್ದವು. ಆದರೆ ಏನಾಗಿರುವದೆಂಬದು ತಿರುಗಿ ಬಂದ ಹುಡುಗಿಯ ಮುಖದಿಂದಲೆ ತಿಳಿಯಿತು. "ನೀವು ಬರದ್ ಕೊಟ್ಟಿದ್ದೆಲ್ಲಾ ಹೇಳಿದ್ನಿರಿ ಗುರುಗಳ. ಅವರು ಕೇಳಿದ್ದ ಬ್ಯಾರೆ ಇತ್ರಿ" ಎಂದಳು. ನಾವು ಬಿಡಿಸಿ ಕೇಳಲಾಗಿ ಸಂಗತಿ ಹೀಗಿತ್ತು. ತಂದೆ ಕೃಷಿ ಉದ್ಯಮಿ ಎಂದ ಕೂಡಲೆ ಎಷ್ಟು ಜನ ನೌಕರರಿದ್ದಾರೆಂದು ಕೇಳಿದರಂತೆ. ಮನೆಯವರೂ ಸುಗ್ಗಿಯ ಆಳುಗಳೂ ಹೊರತು ಬೇರೆ ಯಾರೂ ಇಲ್ಲದುದರಿಂದ ಈಕೆ ತಡವರಿಸಿದಳು. ನಿಮ್ಮ ಕಡೆಯ ರೈತರು ಹಣ್ಣನ್ನೇ ಮಾರದೆ ಒಣಗಿಸುವದೇಕೆ ಎಂದರಂತೆ. ಈಕೆ ನಮ್ಮ ಹದಿನೇಳನೆಯ ಉತ್ತರವನ್ನು, ಎಂದರೆ ಕೃಷಿಯು ಭಾರತದ ಬೆನ್ನೆಲುಬೆಂಬ ಭಾಷಣವನ್ನು ಒಪ್ಪಿಸಿದಳು. ಹತ್ತು ವರ್ಷದವಳಿದ್ದಾಗಿನಿಂದ ಆ ಶೆಡ್ಡಿನಲ್ಲಿ ಒಣದ್ರಾಕ್ಷಿಯನ್ನು ಆರಿಸಿದ ಹುಡುಗಿಗೆ, ತನಗೆ ಎಲ್ಲಕ್ಕಿಂತ ಚೆನ್ನಾಗಿ ತಿಳಿದ ವಿಷಯವನ್ನು ಕೇಳಿದಾಗಲೇ ಬಾಯಿ ಕಟ್ಟಿತು. ಕಟ್ಟಿದವರು ನಾವು. ಆಕೆ ನಮ್ಮನ್ನು ಒಂದು ಮಾತೂ ದೂರಲಿಲ್ಲ. "ನಾನ ಹೆದರಿದ್ನಿರಿ" ಎಂದಳು. ಆ ಸೌಜನ್ಯವು ನಮಗೆ ಬೈಗಳಕ್ಕಿಂತ ಹೆಚ್ಚು ನಾಟಿತು.

ಆ ರಾತ್ರಿ ನಿದ್ದೆ ಬರಲಿಲ್ಲ. ಎಷ್ಟೋ ಸಾರಿ ಮಕ್ಕಳಿಗೆ ಹೇಳಿದ ಛಾಂದೋಗ್ಯದ ಒಂದು ಕಥೆ ನೆನಪಾಯಿತು. ಸತ್ಯಕಾಮನೆಂಬ ಹುಡುಗನು ಗುರುಕುಲವನ್ನು ಸೇರಲು ಹಾರಿದ್ರುಮತ ಗೌತಮನಲ್ಲಿಗೆ ಹೋದನು. ಗುರುವು ಗೋತ್ರವನ್ನು ಕೇಳಿದನು. ಹುಡುಗನು ಯಾವ ಗೋತ್ರವನ್ನೂ ಕಟ್ಟಿ ಹೇಳಲಿಲ್ಲ. ತನಗೆ ಗೊತ್ತಿಲ್ಲವೆಂದೂ, ಊಳಿಗ ಮಾಡುತ್ತ ತನ್ನನ್ನು ಪಡೆದ ತಾಯಿ ಜಬಾಲೆಗೂ ಗೊತ್ತಿಲ್ಲವೆಂದೂ ಇದ್ದುದನ್ನು ಇದ್ದಂತೆ ಹೇಳಿದನು. ಸತ್ಯದಿಂದ ಜಾರದವನೆಂಬ ಒಂದೇ ಕಾರಣದಿಂದ ಗುರುವು ಅವನನ್ನು ಸೇರಿಸಿಕೊಂಡನು. ಪ್ರವೇಶಕ್ಕಾಗಿ ನಡೆದ ಸಂದರ್ಶನಗಳಲ್ಲಿ ಇದಕ್ಕಿಂತ ಹಳೆಯದು ನಮಗೆ ತಿಳಿಯದು. ಸೇರಿಸಿಕೊಂಡ ಮೇಲೆ ಗುರುವು ನಾನೂರು ಬಡಕಲು ಹಸುಗಳನ್ನು ಒಪ್ಪಿಸಿದನು. ಅವು ಸಾವಿರವಾಗದೆ ತಿರುಗುವದಿಲ್ಲವೆಂದು ಹುಡುಗನು ಹೊರಟನು. ವ್ಯವಹಾರಶಾಸ್ತ್ರದಲ್ಲಿ ಇದಕ್ಕಿಂತ ದೊಡ್ಡ ಪಾಠವುಂಟೆ? ಇಷ್ಟೆಲ್ಲವನ್ನು ಬಲ್ಲ ನಾವೇ ಒಂದು ಮಗುವಿಗೆ ತಂದೆಯ ಕಸುಬನ್ನು ಮರೆಮಾಡಲು ಕಲಿಸಿದೆವು! ಓದಿದುದು ಬುದ್ಧಿಗೆ ಬರುವದಕ್ಕೆ ಎಷ್ಟು ಕಾಲ ಬೇಕು!

ಮರುದಿನವೇ ಬಸ್ಸು ಹತ್ತಿ ತಿಕೋಟಾಕ್ಕೆ ಹೋದೆವು. ಸುಗ್ಗಿಯು ಭರದಿಂದ ನಡೆದಿತ್ತು. ಶಿಷ್ಯನು ಗಾಬರಿಯಿಂದ ಕುರ್ಚಿಯನ್ನು ತರಲು ಓಡಿದನು. "ಕುರ್ಚಿ ಬೇಡಪ್ಪ. ನಾವು ಅಂದು ಆಡಬಾರದ ಮಾತನ್ನು ಆಡಿದೆವು. ನಿನ್ನ ಶೆಡ್ಡನ್ನು ನಮಗೆ ತೋರಿಸು" ಎಂದೆವು. ಆತನು ಮಾತನಾಡದೆ ಮಗಳ ಕಡೆಗೆ ನೋಡಿದನು. ಅಂದು ಆಕೆ ಗುರು, ನಾವು ಶಿಷ್ಯರು.

ಆಕೆ ತೋರಿಸಿದುದನ್ನು ಸಂಗ್ರಹವಾಗಿ ಹೇಳುವೆವು. ಚಾಟ್ನಿ ಎಂಬ ಬಳ್ಳಿ ಸವರುವ ಕೆಲಸವು ವರ್ಷಕ್ಕೆ ಎರಡು ಸಲ, ಏಪ್ರಿಲಿನಲ್ಲೊಮ್ಮೆ ಅಕ್ಟೋಬರದಲ್ಲೊಮ್ಮೆ. ಬೇಸಿಗೆಯ ಮೊದಲಲ್ಲಿ ಕೊಯ್ದ ಗೊಂಚಲುಗಳನ್ನು ಪೊಟ್ಯಾಸಿಯಂ ಕಾರ್ಬೊನೇಟನ್ನೂ ಒಂದು ಬಗೆಯ ಎಣ್ಣೆಯನ್ನೂ ಬೆರಸಿದ ನೀರಿನಲ್ಲಿ ಅದ್ದಿ ತೆಗೆಯುವರು. ಹಣ್ಣಿನ ಸಿಪ್ಪೆಯ ಮೇಲಿನ ಮೇಣವು ಸಡಿಲಿ ಒಳಗಿನ ನೀರು ಬೇಗನೆ ಹೊರಬೀಳುವದು. ಬಳಿಕ ಗಾಳಿಯಾಡುವ ಶೆಡ್ಡಿನೊಳಗೆ ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಗಳ ಮೇಲೆ ಹರಡಿ ಹದಿನೈದು ದಿನಗಳ ಮಟ್ಟಿಗೆ ನೆರಳಿನಲ್ಲಿ ಒಣಗಿಸುವರು. ಆ ದಿನಗಳಲ್ಲಿ ಒಂದು ಅಕಾಲದ ಮಳೆ ಬಿದ್ದರೆ ಬಣ್ಣ ಕಪ್ಪಿಟ್ಟು ವರ್ಷದ ದುಡಿಮೆಯು ಹೋದಂತೆಯೆ. ಒಣಗಿದುದನ್ನು ತೊಟ್ಟು ಬಿಡಿಸಿ, ಬಣ್ಣ ಗಾತ್ರಗಳಂತೆ ಆರಿಸಿ ಪೆಟ್ಟಿಗೆಗೆ ತುಂಬಿ ಶೀತಗೃಹದಲ್ಲಿಡುವರು; ದರ ನೋಡಿ ವಿಜಯಪುರದಲ್ಲಾಗಲಿ, ಸಾಂಗಲಿ ತಾಸಗಾಂವಗಳ ಪೇಟೆಯಲ್ಲಾಗಲಿ ಮಾರುವರು.

"ಒಂದು ಕಿಲೋಕ್ಕೆ ಎಷ್ಟು ಹಣ್ಣು ಬೇಕು?" ಎಂದು ಕೇಳಿದೆವು. "ನಾಕು ಕಿಲೋದ ಸುಮಾರ ಬೇಕ್ರಿ" ಎಂದು, ನಮ್ಮ ನೋಟುಬುಕ್ಕಿನ ಬೆನ್ನಮೇಲೆಯೆ ಲೆಕ್ಕವನ್ನು ಬರೆದು ತೋರಿಸಿದಳು. ಹಣ್ಣು ಕಿಲೋಕ್ಕೆ ಒಂದು ರೂಪಾಯಿಯೆಂದು ಹಿಡಿದರೆ ಒಣಗಿದುದನ್ನು ನಾಲ್ಕು ರೂಪಾಯಿಗೆ ಮಾರಿದರೂ ನಷ್ಟವೆ. ಅದ್ದುವ ಖರ್ಚು, ಆಳಿನ ಕೂಲಿ, ಶೀತಗೃಹದ ಬಾಡಿಗೆ, ಸಾಲದ ಬಡ್ಡಿ ಇವೆಲ್ಲ ಮೇಲೆ ಬೀಳುವವು. "ಹಾಗಾದರೆ ಒಣಗಿಸುವದೇಕೆ?" "ಹಸೀ ಹಣ್ಣು ಕಾಯಂಗಿಲ್ರಿ ಗುರುಗಳ. ವ್ಯಾಪಾರಿ ಹೇಳಿದ ದರಕ್ಕ ಅವತ್ತ ಕೊಡಬೇಕು. ಮಣೂಕ ಕಾಯ್ತದ. ಆದ್ರ ಬಡ್ಡಿ ಕಾಯಂಗಿಲ್ಲ. ಅದಕ್ಕ ನಮ್ಮಪ್ಪ ಎಷ್ಟೋ ಸಲ ದರ ಏರೂದಕ್ಕಿಂತ ಮೊದಲ ಮಾರ್ಯಾನ." ಇಷ್ಟು ಹೇಳಿ ಸುಮ್ಮನಾದಳು. ಬಳಿಕ, "ಅದನ್ನ ಕಲೀಲಿಕ್ಕೆ ಹೊಂಟೀನ್ರಿ" ಎಂದಳು. ಈ ವಿದ್ಯೆ ಏಕೆ ಬೇಕೆಂಬ ಪ್ರಶ್ನೆಗೆ ನಾವು ಎರಡು ಪುಟ ಬರೆದಿದ್ದೆವು. ಆಕೆಯದು ಐದಾರು ಮಾತು. ನಮ್ಮ ಎರಡು ಪುಟಗಳಲ್ಲಿ ಅದರ ಸುಳಿವೇ ಇರಲಿಲ್ಲ.

ಅಂದಿನಿಂದ ಸಿದ್ಧತೆಯ ಕ್ರಮವನ್ನೇ ಬದಲಿಸಿದೆವು. ನೋಟುಬುಕ್ಕು ಕಪಾಟನ್ನು ಸೇರಿತು. ದಿನಾಲು ಒಂದು ಗಂಟೆ ನಾವು ನಿಜವಾಗಿಯೂ ತಿಳಿಯದ ಪ್ರಶ್ನೆಗಳನ್ನು ಮಾತ್ರ ಕೇಳುವದು, ಆಕೆ ನಮಗೆ ತಿಳಿಯುವ ವರೆಗೆ ಹೇಳುವದು. ಆಕೆ ಮಾಡಿದ ನೌಕರಿ, ಪದವಿಯಲ್ಲಿ ಓದಿದ ವಿಷಯ, ಅಂದಿನ ಪತ್ರಿಕೆಯ ವಾರ್ತೆ, ತನ್ನ ಊರು—ಇವೇ ನಾಲ್ಕು ಪಾಠಗಳು. ಕನ್ನಡ ಶಾಲೆಯಲ್ಲಿ ಕಲಿತ ಹುಡುಗಿಗೆ ಇಂಗ್ಲಿಷಿನ ಅಂಜಿಕೆಯಿತ್ತು. ಮೊದಲು ಕನ್ನಡದಲ್ಲಿ ಹೇಳಿಸಿ, ವಿಚಾರವು ತಿಳಿಯಾದ ಮೇಲೆ ಅದನ್ನೇ ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯಗಳಲ್ಲಿ ಹೇಳಿಸಿದೆವು. ತಿಳಿಯದುದನ್ನು ತಿಳಿಯದೆಂದು ಹೇಳುವ ಅಭ್ಯಾಸವನ್ನೂ ಮಾಡಿಸಿದೆವು. ಇದೇ ಎಲ್ಲಕ್ಕಿಂತ ಕಠಿನವಾಯಿತು.

ಮಾತಿನ ಅವಸರವು ಮಾತ್ರ ಆಕೆಯನ್ನು ಬಿಡಲಿಲ್ಲ. ಒಂದು ಮುಂಜಾವು, ಜನಸಂದಣಿ ಇಲ್ಲದಾಗ, ಗೋಲಗುಮ್ಮಟದ ಮೆಟ್ಟಿಲುಗಳನ್ನು ಏದುಸಿರು ಬಿಡುತ್ತ ಹತ್ತಿದೆವು. 1656ರಲ್ಲಿ ತೀರಿದ ಮಹಮ್ಮದ ಆದಿಲಶಾಹನ ಗೋರಿಯ ಮೇಲಿನ ಆ ಗುಮ್ಮಟದ ಒಳಸುತ್ತಿನ ಜಗಲಿಯಲ್ಲಿ ಒಂದು ಕಡೆಗೆ ನಾವು, ನೂರಿಪ್ಪತ್ತು ಅಡಿಗೂ ಮಿಕ್ಕಿದ ದೂರದಲ್ಲಿ ಎದುರುಕಡೆಗೆ ಆಕೆ ನಿಂತಳು. ಆಕೆ ಗಟ್ಟಿಯಾಗಿ ಅವಸರದಿಂದ ಹೇಳಿದಾಗ ಮಾತಿನ ಮೇಲೆ ಮಾತು ಬಿದ್ದು ಬರಿಯ ಗದ್ದಲವಾಯಿತು. ಗೋಡೆಯ ಕಡೆಗೆ ಮುಖಮಾಡಿ ಮೆಲ್ಲಗೆ, ನಿಲ್ಲಿಸಿ ನಿಲ್ಲಿಸಿ ಹೇಳಿದಾಗ ಒಂದೊಂದು ಅಕ್ಷರವೂ ಕಿವಿಯಲ್ಲಿ ಹೇಳಿದಂತೆ ಕೇಳಿಸಿತು. ಈ ವಿಷಯದಲ್ಲಿ ನಾವು ಮತ್ತೆ ಉಪದೇಶ ಮಾಡುವ ಪ್ರಸಂಗ ಬರಲಿಲ್ಲ.

ಎರಡನೆಯ ಸಂದರ್ಶನಕ್ಕೆ ಗೋಲಗುಮ್ಮಟ ಎಕ್ಸ್‌ಪ್ರೆಸ್ ರೈಲಿನಲ್ಲಿ ತಂದೆಯೊಡನೆ ಬೆಂಗಳೂರಿಗೆ ಹೋಗಿಬಂದಳು, ಸಾಧಾರಣವಾಗಿ ಆಯಿತೆಂದಳು. ಮೂರನೆಯದು ಕಂಪ್ಯೂಟರಿನ ಪರದೆಯ ಮೇಲೆ ನಡೆಯತಕ್ಕದ್ದು. ತೋಟದ ಮನೆಯಲ್ಲಿ ಇಂಟರ್‌ನೆಟ್ ನೆಚ್ಚುವಂತಿರಲಿಲ್ಲವಾಗಿ ನಮ್ಮ ಮನೆಯ ಕೋಣೆಯನ್ನು ಬಿಟ್ಟುಕೊಟ್ಟೆವು. ಒಳಗೆ ಅಭ್ಯರ್ಥಿಯ ಹೊರತು ಯಾರೂ ಇರಕೂಡದಷ್ಟೆ. ನಾವೂ ಆಕೆಯ ತಂದೆಯೂ ಹೊರಗೆ ತುಳಸಿಕಟ್ಟೆಯ ಬಳಿ ಕುಳಿತೆವು. ಕೇಳುವವರ ದನಿ ನಮಗೆ ಬರುತ್ತಿರಲಿಲ್ಲ. ಆಕೆಯದು ಮಾತ್ರ ಬಾಗಿಲ ಸಂದಿಯಿಂದ ಬರುತ್ತಿತ್ತು. ಒಮ್ಮೆ, ಇದು ನನಗೆ ತಿಳಿಯದು ಎಂದಳು. ನಮ್ಮ ಎದೆ ಹಾರಿತು. ಆಕೆಯ ದನಿ ಅಲುಗಲಿಲ್ಲ. ಬಳಿಕ ನಾಲ್ಕು ಕಿಲೋದ ಲೆಕ್ಕ ಬಂದಿತು, ಬಡ್ಡಿಯ ಮಾತು ಬಂದಿತು. ರೈತರು ಒಂದುಗೂಡಿ ತಾವೇ ಒಡೆಯರಾಗಿ ನಡಿಸುವ ಉತ್ಪಾದಕರ ಕಂಪನಿಗಳಿಗೆ 2002ರ ಕಾಯ್ದೆಯ ತಿದ್ದುಪಡಿಯು ದಾರಿಮಾಡಿರುವದನ್ನು ಹೇಳಿ, ಅಂಥದೊಂದನ್ನು ನಡಿಸುವದು ಹೇಗೆಂದು ಕಲಿಯುವದೆ ತನ್ನ ಇಚ್ಛೆ ಎಂದಳು. ತಂದೆಗೆ ಆ ಇಂಗ್ಲಿಷ್ ತಿಳಿಯದು. ಆದರೆ ನಡುವೆ ಎರಡು ಮೂರು ಸಾರಿ "ಶೆಡ್" ಎಂಬ ಮಾತು ಕೇಳಿಸಿದಾಗ ನಮ್ಮ ಕಡೆಗೆ ತಿರುಗಿ, "ನಮ್ಮ ಶೆಡ್ಡಿಂದ ಹೇಳಾಕತ್ಯಾಳೇನ್ರಿ?" ಎಂದನು. ಹೌದೆಂದೆವು. ಆತನು ಹೆಗಲ ಮೇಲಿನ ವಸ್ತ್ರದಿಂದ ಕಣ್ಣೊರಸಿಕೊಂಡನು.

ಮೇ ತಿಂಗಳೊಳಗಾಗಿ ಮೂರೂ ಕಡೆಯ ಫಲ ತಿಳಿಯಿತು. ಮೊದಲಿನ ಎರಡು ಕಡೆ ಇಲ್ಲವೆಂದರು, ಮೂರನೆಯದರಲ್ಲಿ ಸೇರಿಸಿಕೊಂಡರು. ಇಂಥ ದೊಡ್ಡ ಸಂಸ್ಥೆಗಳಲ್ಲಿ ಎರಡು ವರ್ಷದ ಶುಲ್ಕವು ಇಪ್ಪತ್ತು ಲಕ್ಷವನ್ನು ಮೀರುವದುಂಟು; ಹೊಲ ಮಾರಬೇಕಾದೀತೆಂದು ತಂದೆ ತಾಯಿಗಳು ಅಂಜಿದ್ದರು. ಪ್ರವೇಶಪತ್ರವನ್ನು ನೋಡಿ, ಅಡವು ಇಲ್ಲದೆ ವಿದ್ಯಾಭ್ಯಾಸದ ಸಾಲ ಕೊಡುವ ಬ್ಯಾಂಕುಗಳುಂಟು. 2024ರಲ್ಲಿ ಕೇಂದ್ರ ಸರಕಾರವು ಒಪ್ಪಿದ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆಯೂ ಆರಿಸಿದ ಸಂಸ್ಥೆಗಳ ವಿದ್ಯಾರ್ಥಿಗಳಿಗೆ ಇದೇ ಅನುಕೂಲವನ್ನು ಮಾಡಿದೆ. ಆದರೂ ಸಾಲವು ಸಾಲವೇ. ಕಂತು, ಬಡ್ಡಿ, ತೀರಿಸುವ ಅವಧಿಗಳನ್ನು ಮಕ್ಕಳೊಡನೆ ಕುಳಿತು ಮೊದಲೆ ಲೆಕ್ಕ ಹಾಕುವದು ಒಳ್ಳೆಯದು. ಈ ಮನೆಯಲ್ಲಿ ಆ ಲೆಕ್ಕವನ್ನು ಹಾಕಿದವಳು ತಾಯಿ. "ಲಗ್ನ ಎಲ್ಲಿ ಓಡಿ ಹೊಕ್ಕದ್ರಿ" ಎಂದು ಆಕೆಯೇ ನಮಗೆ ಹೇಳಿದಳು.

ಈ ವರ್ಷ ಬಬಲೇಶ್ವರದ ಕಡೆಯ ಇನ್ನೊಬ್ಬ ಹುಡುಗನು ಇದೇ ಕೆಲಸಕ್ಕೆ ನಮ್ಮಲ್ಲಿಗೆ ಬರುತ್ತಿದ್ದಾನೆ. ಅವನ ತಂದೆ ಟೇಲರನು. ಬಂದ ಮೊದಲನೆಯ ದಿನ ಆ ಹುಡುಗನು ಹೊಸ ನೋಟುಬುಕ್ಕನ್ನು ತೆರೆದು, ಉತ್ತರಗಳನ್ನು ಬರೆದುಕೊಳ್ಳಲು ಪೆನ್ನು ಹಿಡಿದು ಕುಳಿತನು. "ಅದನ್ನು ಮುಚ್ಚಿಡು ತಮ್ಮಾ. ಒಂದು ಅಂಗಿಗೆ ಎಷ್ಟು ಬಟ್ಟೆ ಬೇಕು, ಎಷ್ಟು ಹೊತ್ತು ಹಿಡಿಯುವದು, ನಿಮ್ಮ ತಂದೆ ಅದಕ್ಕೆ ಎಷ್ಟು ತೆಗೆದುಕೊಳ್ಳುತ್ತಾರೆ? ನಮಗೆ ತಿಳಿಯದು, ಹೇಳು" ಎಂದೆವು. ಹುಡುಗನು ಸ್ವಲ್ಪ ಹೊತ್ತು ನಾಚಿ ಕುಳಿತು, ಬಳಿಕ ಹೇಳತೊಡಗಿದನು. ನಾವು ಕೇಳುತ್ತ ಕುಳಿತೆವು.