ಉತ್ತರಾಧಿಕಾರಿಯ ಸರದಿ

ಮಿಷಿಗನ್ ಸರೋವರದಿಂದ ವಿಸ್ಕಾನ್ಸಿನ್ ರಾಜ್ಯದೊಳಕ್ಕೆ ಚಾಚಿಕೊಂಡಿರುವ ಕೊಲ್ಲಿಯ ತುದಿಯಲ್ಲಿ ಗ್ರೀನ್ ಬೇ ಎಂಬ ಊರಿದೆ. ಅಲ್ಲಿಯ ಜನಸಂಖ್ಯೆ ಒಂದು ಲಕ್ಷದ ಮೇಲೆ ಏಳೆಂಟು ಸಾವಿರ ಮಾತ್ರ. ಶಿರಸ್ತ್ರಾಣ ತೊಟ್ಟು, ಚೆಂಡನ್ನು ಕೈಯಲ್ಲಿ ಹಿಡಿದು ಆಡುವ ಅಮೆರಿಕನ್ ಫುಟ್‌ಬಾಲಿನಲ್ಲಿ ನ್ಯೂಯಾರ್ಕ್, ಷಿಕಾಗೊ, ಡಲ್ಲಾಸ್ ಮೊದಲಾದ ಮಹಾನಗರಗಳ ತಂಡಗಳಿಗೆ ಸರಿಸಮನಾಗಿ ಈ ಸಣ್ಣ ಊರಿನ ಪ್ಯಾಕರ್ಸ್ ತಂಡವೂ ನಿಂತಿರುವುದಕ್ಕೆ ಮುಖ್ಯ ಕಾರಣ, 1923ರಿಂದ ಅದರ ಒಡೆತನ ಯಾವ ಧನಿಕನ ಕೈಯಲ್ಲೂ ಇರದೆ ಜನರ ಕೈಯಲ್ಲೇ ಇರುವುದು. ಇಂದು ಅದಕ್ಕೆ ಐದು ಲಕ್ಷಕ್ಕೂ ಮೀರಿದ ಷೇರುದಾರರುಂಟು. ಷೇರಿನಿಂದ ಲಾಭಾಂಶ ಬರುವುದಿಲ್ಲ. ಅದನ್ನು ಲಾಭಕ್ಕೆ ಮಾರುವಂತೆಯೂ ಇಲ್ಲ. ದೊರೆಯುವುದೆಂದರೆ ಕಟ್ಟುಹಾಕಿಸಿ ಗೋಡೆಗೆ ತೂಗಬಹುದಾದ ಒಂದು ಪತ್ರ, ವಾರ್ಷಿಕ ಸಭೆಯಲ್ಲಿ ಕುಳಿತುಕೊಳ್ಳುವ ಅರ್ಹತೆ, ಮತ್ತು ತಂಡದ ವಿಷಯದಲ್ಲಿ ಮಾತನಾಡಲು ತನಗೆ ಹಕ್ಕಿದೆಯೆಂಬ ಅಚಲವಾದ ನಂಬಿಕೆ. ಈ ಹಕ್ಕು ಅತ್ಯಂತ ತೀವ್ರವಾಗಿ ಚಲಾವಣೆಗೆ ಬರುವುದು ಒಂದೇ ಒಂದು ಪ್ರಶ್ನೆಯ ಸುತ್ತ: ಹೊಸದಾಗಿ ಬಂದ ಎಳೆಯ ಕ್ವಾರ್ಟರ್‌ಬ್ಯಾಕ್‌ನನ್ನು ಕೂಡಲೇ ಕಣಕ್ಕಿಳಿಸಬೇಕೆ, ಅಥವಾ ಹಿರಿಯನ ಹಿಂದೆ ಕೂರಿಸಿ ಕಾಯಿಸಬೇಕೆ?

ಕ್ವಾರ್ಟರ್‌ಬ್ಯಾಕ್ ಎಂಬವನ ಕೆಲಸವೇನೆಂಬುದನ್ನು ತಿಳಿಯದೆ ಈ ಪ್ರಶ್ನೆಯ ತೂಕ ತಿಳಿಯದು. ಪ್ರತಿಯೊಂದು ಸರದಿಗೂ ಮುಂಚೆ ತರಬೇತುದಾರನ ಆಜ್ಞೆ ಆತನ ಶಿರಸ್ತ್ರಾಣದೊಳಗಿನ ರೇಡಿಯೋದಲ್ಲಿ ಕೇಳಿಸುತ್ತದೆ. ಹತ್ತು ಹನ್ನೆರಡು ಪದಗಳ ಆ ಸಂಕೇತವನ್ನು ಒಂದಕ್ಷರವೂ ತಪ್ಪದಂತೆ ಹಿಡಿದುಕೊಂಡು, ಸುತ್ತ ಬಗ್ಗಿ ನಿಂತ ಹತ್ತು ಮಂದಿ ಸಂಗಡಿಗರಿಗೆ ಒಪ್ಪಿಸಿ, ಸಾಲಿನ ಹಿಂದೆ ಬಂದು ನಿಂತು, ಎದುರಾಳಿಗಳ ಹನ್ನೊಂದು ಮಂದಿ ನಿಂತಿರುವ ರೀತಿಯನ್ನು ನೋಡಿ, ಅದರಲ್ಲಿ ಯಾವುದು ನಿಜ, ಯಾವುದು ಕಣ್ಣುಕಟ್ಟು ಎಂಬುದನ್ನು ಊಹಿಸಿ, ಬೇಕಾದರೆ ಇಡೀ ಯೋಜನೆಯನ್ನೇ ಆ ಕ್ಷಣದಲ್ಲಿ ಕೂಗಿ ಬದಲಿಸಬೇಕು. ಚೆಂಡು ಕೈಗೆ ಬಂದ ಮೇಲೆ ದೊರೆಯುವ ಅವಕಾಶ ಎರಡೂವರೆ ಮೂರು ಸೆಕೆಂಡು. ಅಷ್ಟರೊಳಗೆ, ನೂರಿಪ್ಪತ್ತು ಮೂವತ್ತು ಕಿಲೋ ತೂಗುವ ದೈತ್ಯದೇಹಿಗಳು ತನ್ನ ಮೇಲೆ ಬಂದು ಬೀಳುವ ಮೊದಲು, ಓಡುತ್ತಿರುವ ತನ್ನವನು ಈಗ ಇರುವ ಎಡೆಗಲ್ಲ, ಇನ್ನೊಂದು ಗಳಿಗೆಯಲ್ಲಿ ತಲುಪಲಿರುವ ಎಡೆಗೆ ಚೆಂಡನ್ನು ಎಸೆಯಬೇಕು. ಇಷ್ಟನ್ನು ಮಾಡಬೇಕಾದವನು ಕಾಲೇಜಿನಿಂದ ನೇರವಾಗಿ ಬಂದ ಇಪ್ಪತ್ತೊಂದು ಇಪ್ಪತ್ತೆರಡು ವರ್ಷದ ಹುಡುಗ.

ಕಾಯಿಸುವ ಪಕ್ಷದವರು ಮೊದಲು ಎತ್ತಿಕೊಳ್ಳುವ ಹೆಸರು ಆರನ್ ರಾಜರ್ಸ್. 2005ರ ಏಪ್ರಿಲಿನ ಡ್ರಾಫ್ಟಿನಲ್ಲಿ, ಅಂದರೆ ಕಾಲೇಜಿನ ಆಟಗಾರರನ್ನು ತಂಡಗಳು ಸರದಿಯ ಪ್ರಕಾರ ಆರಿಸಿಕೊಳ್ಳುವ ಆ ವಾರ್ಷಿಕ ಕಲಾಪದಲ್ಲಿ, ಮೊಟ್ಟಮೊದಲಿಗನಾಗಿಯೇ ಆಯ್ಕೆಯಾದಾನೆಂದು ಹಲವರು ಎಣಿಸಿದ್ದ ಈ ತರುಣನು, ದೂರದರ್ಶನದ ಕ್ಯಾಮೆರಾಗಳ ಎದುರಿನಲ್ಲಿ ಗಂಟೆಗಟ್ಟಲೆ ಕುಳಿತು, ಇಪ್ಪತ್ತಮೂರು ಹೆಸರುಗಳು ತನ್ನನ್ನು ದಾಟಿ ಹೋದ ಮೇಲೆ, ಇಪ್ಪತ್ತನಾಲ್ಕನೆಯವನಾಗಿ ಗ್ರೀನ್ ಬೇ ಪಾಲಿಗೆ ಬಂದನು. ಅಲ್ಲಿ ಬ್ರೆಟ್ ಫಾವ್ರ್ ಇದ್ದನು. 1992ರ ಸೆಪ್ಟೆಂಬರಿನಿಂದ ಒಂದು ಪಂದ್ಯವನ್ನೂ ತಪ್ಪಿಸದೆ ಆಡುತ್ತಿದ್ದ, ಊರಿನ ಮನೆಮಗನಂತಿದ್ದ ಆ ಮಹಾವೀರನಿಗೆ ಉತ್ತರಾಧಿಕಾರಿಯೊಬ್ಬನ ಆಗಮನದಿಂದ ಸಂತೋಷವಾಗಲಿಲ್ಲ; ಆ ಹುಡುಗನನ್ನು ಸಿದ್ಧಗೊಳಿಸುವುದು ತನ್ನ ಕರಾರಿನಲ್ಲಿಲ್ಲವೆಂಬ ಅರ್ಥದ ಮಾತನ್ನು ಆತನು ಬಹಿರಂಗವಾಗಿಯೇ ಆಡಿದನು. ಮೂರು ವರ್ಷಗಳಲ್ಲಿ ರಾಜರ್ಸ್ ಪಂದ್ಯಗಳಲ್ಲಿ ಎಸೆದದ್ದು ಒಟ್ಟು 59 ಎಸೆತ.

ನಮ್ಮಲ್ಲಿ ಸಂಗೀತದ ಶಿಷ್ಯನು ಗುರುವಿನ ಬೆನ್ನ ಹಿಂದೆ ತಂಬೂರಿ ಹಿಡಿದು ಕುಳಿತು ಎಷ್ಟೋ ಕಚೇರಿಗಳನ್ನು ಕಳೆಯುವುದುಂಟು. ಆ ಕೂರುವಿಕೆಯಿಂದಲೇ ವಿದ್ಯೆ ಬರುವುದಾದರೆ ತಂಬೂರಿ ಹಿಡಿದವರೆಲ್ಲರೂ ವಿದ್ವಾಂಸರಾಗಬೇಕಿತ್ತು. ರಾಜರ್ಸ್‌ನ ವಿಷಯದಲ್ಲಿಯೂ ಹಾಗೆಯೇ. ಕಾದದ್ದಕ್ಕಿಂತ ಕಾಯುತ್ತ ಏನು ಮಾಡಿದನೆಂಬುದು ಮುಖ್ಯ. 2006ರಲ್ಲಿ ಮುಖ್ಯ ತರಬೇತುದಾರನಾಗಿ ಬಂದ ಮೈಕ್ ಮೆಕಾರ್ಥಿ, ಆಟದ ಋತುವಲ್ಲದ ತಿಂಗಳುಗಳಲ್ಲಿ ಕ್ವಾರ್ಟರ್‌ಬ್ಯಾಕ್‌ಗಳಿಗೆಂದೇ ಒಂದು ಶಾಲೆಯಂತಹ ಅಭ್ಯಾಸಕ್ರಮವನ್ನು ನಡೆಸಿದನು. ಕಾಲೇಜಿನಲ್ಲಿ ಚೆಂಡನ್ನು ಕಿವಿಯ ಮಟ್ಟಕ್ಕೆ ಎತ್ತಿ ಹಿಡಿಯುವುದನ್ನು ರೂಢಿಸಿಕೊಂಡಿದ್ದ ರಾಜರ್ಸ್‌ನ ಕೈಯನ್ನು ಅಲ್ಲಿ ಕೆಳಕ್ಕೆ ಇಳಿಸಲಾಯಿತು. ಕಾಲಿನ ಹೆಜ್ಜೆಗಳನ್ನು ಮತ್ತೆ ಮೊದಲಿನಿಂದ ತಿದ್ದಲಾಯಿತು. ವಾರದ ಅಭ್ಯಾಸಗಳಲ್ಲಿ, ಮುಂದಿನ ಭಾನುವಾರ ಎದುರಾಗಲಿರುವ ತಂಡದ ಕ್ವಾರ್ಟರ್‌ಬ್ಯಾಕ್‌ನ ವೇಷವನ್ನು ತಾನು ಕಟ್ಟಿ, ತನ್ನದೇ ತಂಡದ ರಕ್ಷಣಾಪಡೆಯ ವಿರುದ್ಧ ಆತನು ಆಡುತ್ತಿದ್ದನು. ಇದು ಯಾರ ಕಣ್ಣಿಗೂ ಬೀಳದ ದುಡಿಮೆ. 2007ರ ನವೆಂಬರಿನಲ್ಲಿ ಡಲ್ಲಾಸ್‌ನಲ್ಲಿ ಫಾವ್ರ್ ಗಾಯಗೊಂಡು ಹೊರಕ್ಕೆ ಬಂದಾಗ ಒಳಕ್ಕೆ ಹೋದ ರಾಜರ್ಸ್ 26 ಎಸೆತಗಳಲ್ಲಿ 18ನ್ನು ಗುರಿ ಮುಟ್ಟಿಸಿದನು. ತಂಡ ಸೋತಿತು, ಆದರೆ ಆ ರಾತ್ರಿಯಿಂದ ಊರಿನಲ್ಲಿ ಮಾತಿನ ಧಾಟಿ ಬದಲಾಯಿತು.

ಬದಲಾದ ಮಾತು ಒಂದಾಗಲಿಲ್ಲ, ಎರಡಾಯಿತು. 2008ರ ಮಾರ್ಚಿನಲ್ಲಿ ಕಣ್ಣೀರಿಡುತ್ತ ನಿವೃತ್ತಿ ಘೋಷಿಸಿದ ಫಾವ್ರ್ ಬೇಸಗೆಯಲ್ಲಿ ಮನಸ್ಸು ಬದಲಿಸಿ ಹಿಂದಿರುಗುತ್ತೇನೆಂದಾಗ, ತಂಡದ ಆಡಳಿತವು ಹುಡುಗನಿಗೆ ಕೊಟ್ಟ ಮಾತಿಗೆ ನಿಂತು, ಆಗಸ್ಟಿನಲ್ಲಿ ಹಿರಿಯನನ್ನು ನ್ಯೂಯಾರ್ಕ್ ಜೆಟ್ಸ್ ತಂಡಕ್ಕೆ ಕಳುಹಿಸಿತು. ಊರು ಎರಡು ಹೋಳಾಯಿತು. ಒಂದು ಪಂದ್ಯವನ್ನೂ ಮೊದಲಿನಿಂದ ಆಡಿರದ ರಾಜರ್ಸ್, ಅಭ್ಯಾಸದ ಮೈದಾನದಲ್ಲಿಯೇ ತನ್ನವರ ಬಾಯಿಂದ ಬೈಗುಳ ಕೇಳಬೇಕಾಯಿತು. ಆ ವರ್ಷ ತಂಡ ಆರು ಗೆದ್ದು ಹತ್ತು ಸೋತಿತು. 2011ರ ಫೆಬ್ರವರಿಯಲ್ಲಿ, ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲಿನಲ್ಲಿ, ಪಿಟ್ಸ್‌ಬರ್ಗ್ ತಂಡವನ್ನು 31-25ರಿಂದ ಸೋಲಿಸಿ ಆತನು ಪಂದ್ಯದ ಶ್ರೇಷ್ಠ ಆಟಗಾರನೆನಿಸಿಕೊಂಡ ಮೇಲೆ, ಅಂದು ಬೈದವರನ್ನು ಊರಿನಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲವೆಂದು ಕೇಳಿದ್ದೇನೆ. ಅವರನ್ನು ನಾನು ದೂಷಿಸಲಾರೆ. ಹದಿನಾರು ವರ್ಷ ತಮ್ಮ ಭಾನುವಾರಗಳನ್ನು ಬೆಳಗಿದವನನ್ನು ಬಿಟ್ಟುಕೊಡುವಾಗ ಜನರಿಗೆ ಸಂಕಟವಾಗುವುದು ಅವರ ಪ್ರೀತಿಗೆ ಸಾಕ್ಷಿ. ಆ ಸಂಕಟವು ಏನೂ ತಪ್ಪು ಮಾಡದ ತರುಣನ ಮೇಲೆ ತಿರುಗಿದ್ದು ಮಾತ್ರ ಅನ್ಯಾಯ.

ಇತಿಹಾಸ ಅಷ್ಟಕ್ಕೇ ಬಿಡಲಿಲ್ಲ. 2020ರ ಏಪ್ರಿಲಿನಲ್ಲಿ, ಸೂಪರ್ ಬೌಲಿಗೆ ಒಂದೇ ಮೆಟ್ಟಿಲು ಕೆಳಗೆ ಎಡವಿದ್ದ ತಂಡಕ್ಕೆ ಚೆಂಡು ಹಿಡಿಯುವ ಒಬ್ಬ ಒಳ್ಳೆಯ ಓಟಗಾರನನ್ನು ತರುವರೆಂದು ಅಭಿಮಾನಿಗಳು ಕಾದಿದ್ದಾಗ, ಆಡಳಿತವು ತನ್ನ ಸರದಿಯನ್ನು ಮುಂದಕ್ಕೆ ಕೊಂಡು, ಇಪ್ಪತ್ತಾರನೆಯವನಾಗಿ ಯೂಟಾ ಸ್ಟೇಟ್ ವಿಶ್ವವಿದ್ಯಾಲಯದ ಜೋರ್ಡನ್ ಲವ್ ಎಂಬ ಕ್ವಾರ್ಟರ್‌ಬ್ಯಾಕ್‌ನನ್ನು ಆರಿಸಿತು. ಈಗ ಹಿರಿಯನ ಸ್ಥಾನದಲ್ಲಿ ರಾಜರ್ಸ್. ಆತನೋ 2020 ಮತ್ತು 2021 ಎರಡೂ ಋತುಗಳಲ್ಲಿ ಇಡೀ ಲೀಗಿನ ಅತ್ಯುತ್ತಮ ಆಟಗಾರನೆಂಬ ಪುರಸ್ಕಾರವನ್ನು ಗೆದ್ದು, ತನ್ನ ಕಾಲ ಇನ್ನೂ ಮುಗಿದಿಲ್ಲವೆಂದು ತೋರಿಸಿದನು. ಕೊರೋನಾ ಮಹಾಮಾರಿಯ ಮೊದಲ ವರ್ಷವಾದ 2020ರಲ್ಲಿ ಋತುವಿಗೆ ಮುಂಚಿನ ಪಂದ್ಯಗಳೇ ನಡೆಯಲಿಲ್ಲವಾದುದರಿಂದ ಲವ್‌ಗೆ ಒಂದು ಎಸೆತದ ಅವಕಾಶವೂ ದೊರೆಯಲಿಲ್ಲ. 2021ರ ನವೆಂಬರಿನಲ್ಲಿ ಕನ್ಸಾಸ್ ಸಿಟಿಯಲ್ಲಿ ಮೊದಲ ಬಾರಿಗೆ ಪಂದ್ಯವೊಂದನ್ನು ಆರಂಭದಿಂದ ಆಡಿದಾಗ ತಂಡ 13-7ರಿಂದ ಸೋತಿತು, ಮತ್ತು ಆ ಒಂದೇ ಮಧ್ಯಾಹ್ನವನ್ನು ಆಧಾರವಾಗಿಟ್ಟುಕೊಂಡು ಹುಡುಗನ ಜಾತಕವನ್ನು ಬರೆದು ಮುಗಿಸಿದವರು ಎಷ್ಟೋ ಮಂದಿ.

2023ರ ಬೇಸಗೆಯಲ್ಲಿ, ರಾಜರ್ಸ್ ಕೂಡ ಜೆಟ್ಸ್ ತಂಡಕ್ಕೇ ಹೊರಟುಹೋಗಿ ಲವ್‌ನ ಸರದಿ ಬಂದಿದ್ದಾಗ, ಬಂಧುಗಳೊಡನೆ ನಾನು ಆ ಊರಿಗೆ ಹೋಗಿದ್ದೆ. ಲ್ಯಾಂಬೋ ಕ್ರೀಡಾಂಗಣದಿಂದ ರಸ್ತೆಯಾಚೆಯ ರೇ ನಿಚ್ಕಿ ಮೈದಾನಕ್ಕೆ ಆಟಗಾರರು ಅಭ್ಯಾಸಕ್ಕೆ ಹೋಗುವಾಗ ಊರಿನ ಮಕ್ಕಳು ತಮ್ಮ ಸೈಕಲ್ಲುಗಳನ್ನು ಅವರಿಗೆ ಕೊಡುವ ಪದ್ಧತಿ ಬಹುಕಾಲದಿಂದ ಅಲ್ಲಿದೆ. ಮೊಣಕಾಲು ಎದೆಗೆ ತಾಕುವಂತೆ ಮಡಿಸಿಕೊಂಡು ಪುಟ್ಟ ಸೈಕಲ್ಲನ್ನು ತುಳಿಯುತ್ತಿರುವ ಆಜಾನುಬಾಹು, ಅವನ ಪಕ್ಕದಲ್ಲಿ ಅವನ ಶಿರಸ್ತ್ರಾಣವನ್ನು ಎರಡು ಕೈಗಳಲ್ಲಿ ಅಪ್ಪಿಕೊಂಡು ಓಡುತ್ತಿರುವ ಎಂಟು ವರ್ಷದ ಬಾಲಕಿ: ಇದನ್ನು ನೋಡಿದ ಮೇಲೆ ಆ ಜನಕ್ಕೂ ಆ ತಂಡಕ್ಕೂ ಇರುವ ಸಂಬಂಧವನ್ನು ನನಗೆ ಬೇರೆ ಯಾರೂ ವಿವರಿಸಬೇಕಾಗಲಿಲ್ಲ. ಮೆಟ್ಟಿಲುಗಳ ಮೇಲೆ ನಮ್ಮ ಮುಂದೆ ಒಬ್ಬ ವೃದ್ಧರೂ ಅವರ ಮೊಮ್ಮಗನೂ ಕುಳಿತಿದ್ದರು. ಕ್ವಾರ್ಟರ್‌ಬ್ಯಾಕ್‌ನನ್ನು ಅಭ್ಯಾಸದಲ್ಲಿ ಯಾರೂ ಕೆಡವಬಾರದೆಂಬ ಗುರುತಿಗೆ ಕೆಂಪು ಅಂಗಿ ತೊಡಿಸಿರುತ್ತಾರೆ. ಆ ಕೆಂಪು ಅಂಗಿಯ ಲವ್ ಎಸೆದ ಚೆಂಡು ಹಿಡಿಯಬೇಕಾದವನ ತಲೆಯ ಮೇಲಿನಿಂದ ಹಾರಿಹೋಯಿತು.

“ಮೂರು ವರ್ಷ ಕೂತಿದ್ದಾಯಿತು, ಇನ್ನೂ ಇದೇ ಗತಿಯೇ ತಾತ?” ಎಂದನು ಮೊಮ್ಮಗ.

“ಕೈ ನೋಡಬೇಡ ಮಗು, ಕಾಲು ನೋಡು,” ಎಂದರು ಮುದುಕರು. “ಮೊದಲೆಲ್ಲ ಹಿಂಗಾಲ ಮೇಲೆ ಭಾರ ಬಿಟ್ಟು ಎಸೆಯುತ್ತಿದ್ದ. ಈಗ ಹತ್ತರಲ್ಲಿ ಏಳು ಸಲ ಮುಂಗಾಲು ಊರುತ್ತಾನೆ. ಉಳಿದ ಮೂರು ಆಡಿಯೇ ಹೋಗಬೇಕು.”

ಆಮೇಲೆ ನಾನೂ ಕಾಲನ್ನೇ ನೋಡತೊಡಗಿದೆ. ಹಿಂದಕ್ಕೆ ಮೂರು ಹೆಜ್ಜೆ, ಒಂದು ಸಣ್ಣ ಜಿಗಿತ, ಊರಿದ ಪಾದ, ಎಸೆತ. ಮತ್ತೆ ಮೂರು ಹೆಜ್ಜೆ. ನೂರಾರು ಸಲ ನಡೆದ ಆ ಪುನರಾವೃತ್ತಿಯನ್ನು ಬಿಸಿಲಿನಲ್ಲಿ ಕುಳಿತು ಅಷ್ಟು ಶ್ರದ್ಧೆಯಿಂದ ನೋಡಿ, ಹತ್ತರಲ್ಲಿ ಏಳೆಂದು ಲೆಕ್ಕವಿಟ್ಟ ಆ ಹಿರಿಯರ ಮೇಲೆ ನನಗೆ ಹುಟ್ಟಿದ ಗೌರವ ಇಂದಿಗೂ ಕುಂದಿಲ್ಲ. ಅಭಿಮಾನಿಗಳ ಜಗಳವೆಂದರೆ ಬರಿಯ ಗದ್ದಲವೆಂದು ತಿಳಿಯುವವರು ಇಂಥವರ ಪಕ್ಕದಲ್ಲಿ ಒಂದು ಹೊತ್ತು ಕುಳಿತುಕೊಳ್ಳಬೇಕು.

ಆ ಋತುವಿನ ಮೊದಲ ಒಂಬತ್ತು ಪಂದ್ಯಗಳಲ್ಲಿ ತಂಡ ಗೆದ್ದದ್ದು ಮೂರು. ಉಳಿದ ಎಂಟರಲ್ಲಿ ಆರನ್ನು ಗೆದ್ದಿತು. ಆ ಎಂಟರಲ್ಲಿ ಲವ್ ಎಸೆದ, ತಂಡಕ್ಕೆ ಅಂಕ ತಂದ ಟಚ್‌ಡೌನ್‌ಗಳು 18, ಎದುರಾಳಿಯ ಕೈಗೆ ಹೋದ ಚೆಂಡು ಒಂದೇ ಒಂದು. 2024ರ ಜನವರಿಯಲ್ಲಿ ಡಲ್ಲಾಸ್ ತಂಡವನ್ನು ಅದರ ಮನೆಯಂಗಳದಲ್ಲಿಯೇ 48-32ರಿಂದ ಸೋಲಿಸಿದಾಗ ಕಾಯಿಸುವ ಪಕ್ಷದವರ ಸಂಭ್ರಮಕ್ಕೆ ಎಲ್ಲೆಯಿರಲಿಲ್ಲ.

ಆದರೆ ಎದುರುಪಕ್ಷವನ್ನು ಬರಿಗೈಯವರೆಂದು ಭಾವಿಸಲಾಗದು. 1998ರಲ್ಲಿ ಮೊದಲಿಗನಾಗಿ ಆಯ್ಕೆಯಾದ ಪೇಟನ್ ಮ್ಯಾನಿಂಗ್‌ನನ್ನು ಇಂಡಿಯಾನಾಪೊಲಿಸ್ ತಂಡ ಮೊದಲ ದಿನದಿಂದಲೇ ಆಡಿಸಿತು. ಆತನು ಆ ವರ್ಷ 28 ಸಲ ಚೆಂಡನ್ನು ಶತ್ರುವಿನ ಕೈಗೆ ಒಪ್ಪಿಸಿದನು, ತಂಡ ಮೂರೇ ಪಂದ್ಯ ಗೆದ್ದಿತು. ಮರುವರ್ಷ ಅದೇ ಮ್ಯಾನಿಂಗ್ ಹದಿಮೂರು ಪಂದ್ಯ ಗೆಲ್ಲಿಸಿದನು. ಡಲ್ಲಾಸ್‌ನ ಟ್ರಾಯ್ ಐಕ್‌ಮನ್ 1989ರಲ್ಲಿ ತಾನು ಆರಂಭಿಸಿದ ಹನ್ನೊಂದೂ ಪಂದ್ಯಗಳನ್ನು ಸೋತು, ಮುಂದೆ ಮೂರು ಸೂಪರ್ ಬೌಲ್ ಗೆದ್ದನು. ಪೆಟ್ಟು ತಿನ್ನುತ್ತಲೇ ಕಲಿತವರು ಇವರು. ಅದೇ ಪೆಟ್ಟು ಇನ್ನೊಬ್ಬನನ್ನು ಮುಗಿಸಿದ್ದೂ ಉಂಟು. 2002ರಲ್ಲಿ ಹೊಸದಾಗಿ ಹುಟ್ಟಿದ ಹ್ಯೂಸ್ಟನ್ ತಂಡ ಮೊದಲಿಗನಾಗಿ ಆರಿಸಿದ ಡೇವಿಡ್ ಕಾರ್‌ನನ್ನು ಕಾಯುವ ಗೋಡೆ ಆತನ ಮುಂದೆ ಇರಲಿಲ್ಲ. ಆ ಒಂದೇ ಋತುವಿನಲ್ಲಿ ಎದುರಾಳಿಗಳು ಚೆಂಡು ಕೈಯಲ್ಲಿರುವಾಗಲೇ ಆತನನ್ನು 76 ಸಲ ನೆಲಕ್ಕೆ ಕೆಡವಿದರು. ಹಾಗೆ ಕೆಡೆಯುತ್ತ ಬಂದವನ ಕಣ್ಣು ದೂರ ಓಡುತ್ತಿರುವ ಸಂಗಡಿಗನನ್ನು ಬಿಟ್ಟು ಹತ್ತಿರ ಬರುತ್ತಿರುವ ಪೆಟ್ಟಿನ ಕಡೆಗೆ ತಿರುಗುತ್ತದೆ. ಒಮ್ಮೆ ತಿರುಗಿದ ಕಣ್ಣನ್ನು ಮರಳಿ ಎತ್ತಿಸುವುದು ಬಹಳ ಕಷ್ಟವೆಂದು ಬಲ್ಲವರು ಹೇಳುತ್ತಾರೆ. ಆ ಹುಡುಗನಲ್ಲಿ ಶಕ್ತಿಯಿರಲಿಲ್ಲವೆಂದು ಈಗಲೂ ಹೇಳುವವರನ್ನು ಕಂಡರೆ ನನಗೆ ನೋವಾಗುತ್ತದೆ. ಎಪ್ಪತ್ತಾರು ಸಲ ಬಿದ್ದು ಎಪ್ಪತ್ತಾರು ಸಲ ಎದ್ದವನನ್ನು ಅಶಕ್ತನೆನ್ನಲು ನನಗೆ ನಾಲಗೆ ಬಾರದು.

ಕಾಯಬೇಕೆ, ಆಡಬೇಕೆ ಎಂಬ ಪ್ರಶ್ನೆಯೇ ಹೀಗೆ ನನಗೆ ಅರ್ಧದ್ದಾಗಿ ತೋರುತ್ತದೆ. ಹುಡುಗನನ್ನು ಕಾಯಲು ಅವನ ಮುಂದೆ ನಿಲ್ಲುವ ಐವರು ಯಾರು, ಕಲಿಸುವವನು ಯಾರು, ಮರುವರ್ಷವೂ ಅವನೇ ಕಲಿಸುವನೋ ಅಥವಾ ಸೋಲಿನ ಸಿಟ್ಟಿನಲ್ಲಿ ಅವನನ್ನು ಓಡಿಸಿ ಹೊಸಬನ ಹೊಸ ಭಾಷೆಯನ್ನು ಹುಡುಗನು ಮತ್ತೆ ಮೊದಲಿನಿಂದ ಕಲಿಯಬೇಕೋ, ಎಂಬುದು ಉಳಿದರ್ಧ. ಗ್ರೀನ್ ಬೇಯಂತಹ ಊರಿಗೆ ಈ ಉಳಿದರ್ಧ ಕೂಡಿಬಂದದ್ದರಲ್ಲಿ, ಅವಸರಪಡಿಸುವ ಒಬ್ಬನೇ ಧಣಿ ಅದಕ್ಕಿಲ್ಲದಿರುವುದೂ ಒಂದು ಕಾರಣವೆಂದು ನಾನು ನಂಬಿದ್ದೇನೆ. 1956ರ ಡ್ರಾಫ್ಟಿನ ಹದಿನೇಳನೆಯ ಸುತ್ತಿನಲ್ಲಿ, ಇನ್ನೂರನೆಯವನಾಗಿ ಇದೇ ತಂಡಕ್ಕೆ ಬಂದ ಕ್ವಾರ್ಟರ್‌ಬ್ಯಾಕ್ ಬಾರ್ಟ್ ಸ್ಟಾರ್‌ನಿಗೂ ಮೊದಲ ಮೂರು ವರ್ಷ ಹೇಳಿಕೊಳ್ಳುವಂಥ ಹೆಸರಿರಲಿಲ್ಲ. 1959ರಲ್ಲಿ ವಿನ್ಸ್ ಲೊಂಬಾರ್ಡಿ ಎಂಬ ತರಬೇತುದಾರ ಬಂದನು, ಮತ್ತು ಅವರಿಬ್ಬರೂ ಕೂಡಿ ಊರಿಗೆ ಐದು ಚಾಂಪಿಯನ್ ಪಟ್ಟಗಳನ್ನು ತಂದರು.

ಈಚಿನ ನಿದರ್ಶನವೊಂದನ್ನು ಹೇಳಬೇಕು. 2022ರಲ್ಲಿ ಟೆನೆಸಿ ತಂಡ ಮೂರನೆಯ ಸುತ್ತಿನಲ್ಲಿ ಆರಿಸಿದ ಮಾಲಿಕ್ ವಿಲಿಸ್ ಎಂಬ ಕ್ವಾರ್ಟರ್‌ಬ್ಯಾಕ್ ಎರಡು ವರ್ಷಗಳಲ್ಲಿ ಅಲ್ಲಿ ನೆಲೆಗೊಳ್ಳಲಿಲ್ಲ. 2024ರ ಆಗಸ್ಟಿನ ಕೊನೆಯಲ್ಲಿ, ಏಳನೆಯ ಸುತ್ತಿನ ಒಂದು ಆಯ್ಕೆಗೆ ಬದಲಾಗಿ, ಅಂದರೆ ಬಹಳ ಅಗ್ಗಕ್ಕೆ, ಗ್ರೀನ್ ಬೇ ಅವನನ್ನು ಕರೆತಂದಿತು. ಎರಡು ವಾರದೊಳಗೆ ಲವ್ ಮಂಡಿಯ ನೋವಿನಿಂದ ಹೊರಗುಳಿದನು. ಯೋಜನೆಗಳ ಪುಸ್ತಕವನ್ನು ಇನ್ನೂ ಓದಿ ಮುಗಿಸಿರಲಾರದ ಆ ತರುಣನನ್ನು ಇಂಡಿಯಾನಾಪೊಲಿಸ್ ವಿರುದ್ಧ ನಿಲ್ಲಿಸಿದ ತರಬೇತುದಾರ ಮ್ಯಾಟ್ ಲಫ್ಲೂರ್, ಅವನಿಗೆ ತಿಳಿಯದುದನ್ನು ಕೇಳಲಿಲ್ಲ. ಅವನಿಂದ ಹದಿನಾಲ್ಕೇ ಎಸೆತಗಳನ್ನು ಎಸೆಯಿಸಿ, ಚೆಂಡನ್ನು ಹೊತ್ತು ಓಡುವ ಆಟದಿಂದಲೇ ತಂಡಕ್ಕೆ 261 ಗಜ ಗಳಿಸಿಕೊಟ್ಟನು. ಹದಿನಾಲ್ಕರಲ್ಲಿ ಹನ್ನೆರಡು ಗುರಿ ಮುಟ್ಟಿದವು, ತಂಡ ಗೆದ್ದಿತು. ಮರುವಾರದ ಎದುರಾಳಿ, ಅವನನ್ನು ಬಿಟ್ಟುಕೊಟ್ಟಿದ್ದ ಟೆನೆಸಿಯೇ. ಅದನ್ನೂ 30-14ರಿಂದ ಗೆದ್ದದ್ದಾಯಿತು. ಟೆನೆಸಿಯಲ್ಲಿ ಕಲಿತದ್ದು ಈಗ ಫಲಿಸಿತೆಂದು ಕೆಲವರು, ಅಲ್ಲಿ ಕಲಿಸಿಯೇ ಇರಲಿಲ್ಲವೆಂದು ಹಲವರು, ಎರಡು ಪಂದ್ಯದಿಂದ ಯಾರ ಯೋಗ್ಯತೆಯನ್ನೂ ಅಳೆಯಲಾಗದೆಂದು ಇನ್ನು ಕೆಲವರು ವಾದಿಸಿದರು. ನಾನು ಎರಡನೆಯವರ ಪಕ್ಷ.