ಆ ಟ್ಯಾಂಕು ಖಾಲಿ ಮಾಡೋರು ಯಾರು?

ಉದ್ದ ಪೋಸ್ಟು. ಪುರುಸೊತ್ತಿದ್ದವರು ಪೂರ್ತಿ ಓದಿ. ಇಲ್ಲದವರು ಕೊನೇ ಪ್ಯಾರಾ ಆದ್ರೂ ಓದಿ, ಅಲ್ಲಿ ನಿಮಗೊಂದು ಕೆಲಸ ಇದೆ.

ನಾನು ಶಂಕರಘಟ್ಟಕ್ಕೆ ಓದೋಕೆ ಅಂತ ಬಂದವನು. ಯೂನಿವರ್ಸಿಟಿ ಮುಗಿದು ಹದಿನೈದು ವರ್ಷ ಆದ್ರೂ ಊರು ಬಿಟ್ಟಿಲ್ಲ. ಇಷ್ಟು ವರ್ಷದಲ್ಲಿ ನನ್ನ ಹೆಸರಲ್ಲಿದ್ದ ವಾಹನ ಅಂದ್ರೆ ಒಂದು ಹಳೇ ಸ್ಪ್ಲೆಂಡರ್, ಅದೂ ಭಾವನ ಕೈಯಿಂದ ಬಂದಿದ್ದು. ಅಂಥವನು ಹೋದ ತಿಂಗಳು ಶಿವಮೊಗ್ಗದಲ್ಲಿ ಮಂಚ, ಅಡುಗೆ ಕಟ್ಟೆ, ಫ್ರಿಜ್ಜು, ಎಸಿ, ಟಾಯ್ಲೆಟ್ಟು ಎಲ್ಲಾ ಇರೋ ಸೆಕೆಂಡ್ ಹ್ಯಾಂಡ್ ಕ್ಯಾರವಾನ್ ಒಂದರ ವ್ಯಾಪಾರಕ್ಕೆ ನಿಂತಿದ್ದೆ. ನಗಬೇಡಿ. ನಮ್ಮವ್ವ ಆಗಲೇ ನಕ್ಕಾಗಿದೆ. "ಸಿನ್ಮಾದೋರು ಕೂತ್ಕೊಳೋ ಗಾಡಿನಾ? ನೀನೇನು ಹೀರೋನಾ?" ಅಂದ್ಲು.

ಯಾಕೆ ಬೇಕಾಯ್ತು ಅಂತ ಹೇಳ್ತೀನಿ. ನಮ್ಮ ತಂಡದಲ್ಲಿ ಏಳು ಜನ. ಸೊರಬ, ಶಿಕಾರಿಪುರ, ಹೊಸನಗರ, ತರೀಕೆರೆ, ಎಲ್ಲಿಂದ ಫೋನ್ ಬಂದ್ರೂ ಹೋಗ್ತೀವಿ. ದೌರ್ಜನ್ಯ ಆದ ಊರಿಗೆ ಹೋದವರಿಗೆ ಗೊತ್ತಿರುತ್ತೆ: ಎಫ್‌ಐಆರ್ ಆಗೋವರೆಗೂ ಸ್ಟೇಷನ್ ಮುಂದೆ ಕೂರಬೇಕು, ರಾತ್ರಿ ಆಗುತ್ತೆ, ವಾಪಸ್ ಬಸ್ ಇರಲ್ಲ. ಉಳಿಯೋದು ಎಲ್ಲಿ? ಕೇಸ್ ಆದ ಮನೆಯವರೇ "ಇಲ್ಲೇ ಮಲಗಿ ಸಾರ್" ಅಂತಾರೆ. ಮಲಗಿದ್ರೆ ನಾವು ಬೆಳಿಗ್ಗೆ ಹೊರಟು ಹೋಗ್ತೀವಿ, ಊರಿನೋರ ಕಣ್ಣು ಮಾತ್ರ ಆ ಮನೆ ಮೇಲೆ ಉಳಿಯುತ್ತೆ. ಹೋದ ಮಳೆಗಾಲದಲ್ಲಿ ಒಂದೂರಲ್ಲಿ ನಮಗೆ ಅನ್ನ ಹಾಕಿದ ಮನೆಗೆ ಮಾರನೇ ದಿನದಿಂದ ಕೂಲಿಗೆ ಕರೆಯೋದೇ ನಿಲ್ಲಿಸಿದ್ರು. ಅದಾದ ಮೇಲೆ ನಾನು ಯಾರ ಮನೆಯಲ್ಲೂ ರಾತ್ರಿ ಉಳಿಯಲ್ಲ ಅಂತ ತೀರ್ಮಾನ ಮಾಡಿದೆ.

ಹೆಣ್ಮಕ್ಕಳ ಕಷ್ಟ ಇನ್ನೊಂದು ಥರ. ನಮ್ಮ ತಂಡದ ವಕೀಲೆ ಅಕ್ಕ ಇಂಥ ಕೆಲಸಕ್ಕೆ ಹೊರಟ ದಿನ ಬೆಳಿಗ್ಗೆಯಿಂದ ನೀರೇ ಕುಡಿಯಲ್ಲ. ಯಾಕೆ ಅಂತ ನಾವು ಗಂಡಸರು ಎಷ್ಟೋ ವರ್ಷ ಕೇಳಲೂ ಇಲ್ಲ. ಅವರು ಮೂತ್ರದ ಸೋಂಕಾಗಿ ಆಸ್ಪತ್ರೆ ಸೇರಿದಾಗ ಗೊತ್ತಾಯ್ತು. ಗಾಡಿ ಬೇಕು ಅಂತ ಮೊದಲು ಹೇಳಿದ್ದೂ ಅವರೇ.

ಬಾಬಾಸಾಹೇಬರು 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಬರೆದಿರೋ ಪ್ರಸಂಗಗಳಲ್ಲಿ ಎಷ್ಟೊಂದು ಪ್ರಯಾಣದವು ಅಂತ ಗಮನಿಸಿದೀರಾ? 1901ರಲ್ಲಿ ಹುಡುಗ ಭೀಮ ಮಸೂರು ಸ್ಟೇಷನ್ನಲ್ಲಿ ಇಳಿದು, ತಂದೆ ಇದ್ದ ಊರಿಗೆ ಹೋಗೋಕೆ ಎತ್ತಿನಗಾಡಿ ಹುಡುಕಿದ್ದು. ಜಾತಿ ಗೊತ್ತಾದ ಮೇಲೆ ಯಾರೂ ಬರಲ್ಲ. ಕೊನೆಗೆ ಒಬ್ಬ ದುಪ್ಪಟ್ಟು ಬಾಡಿಗೆಗೆ ಒಪ್ತಾನೆ, ಆದ್ರೆ ಗಾಡಿ ಹುಡುಗರೇ ಹೊಡೀಬೇಕು, ಅವನು ಪಕ್ಕದಲ್ಲಿ ನಡ್ಕೊಂಡು ಬರ್ತಾನೆ. 1929ರಲ್ಲಿ, ಅಷ್ಟೊತ್ತಿಗೆ ಅವರು ಬ್ಯಾರಿಸ್ಟರು, ಚಾಳೀಸ್‌ಗಾಂವ್‌ನಲ್ಲಿ ಟಾಂಗಾದವನು ಅಸ್ಪೃಶ್ಯನನ್ನ ಕೂರಿಸ್ಕೊಂಡು ಹೊಡೆಯಲ್ಲ ಅಂದ. ಓಡಿಸಿ ಗೊತ್ತಿಲ್ಲದ ನಮ್ಮವನೊಬ್ಬ ಓಡಿಸಿದ, ಟಾಂಗಾ ಮೋರಿ ಹತ್ರ ಬಿತ್ತು, ಬಾಬಾಸಾಹೇಬರ ಕಾಲು ಮುರೀತು. ದುಡ್ಡು ಎರಡೂ ಸಲ ಇತ್ತು. ಗಾಡಿ ಮಾತ್ರ ಬೇರೆಯವರದ್ದು. ಈ ಮಾತು ಹೇಳಿಯೇ ನಾನು ತಂಡದವರ ಹತ್ರ ಚಂದಾ ಎತ್ತಿದ್ದು. ಹನ್ನೊಂದು ತಿಂಗಳಿಗೆ ನಾಲ್ಕು ಲಕ್ಷ ಚಿಲ್ಲರೆ ಆಯ್ತು. ಉಳಿದಿದ್ದು ಸಾಲ. ಸಾಲದ ಕತೆ ಬೇಡ ಬಿಡಿ, ಸೈಟ್ ಇರೋ ಗ್ಯಾರಂಟರ್ ತನ್ನಿ ಅಂದ್ರು, ಅಷ್ಟೇ.

ಹೊಸದು ನಮ್ಮ ಕೈಗೆ ಸಿಗೋದಲ್ಲ. ನಮ್ಮ ಕಡೆ ಕ್ಯಾರವಾನ್ ಅಂತ ಓಡಾಡೋದು ಬಹುಪಾಲು ಟೆಂಪೋ ಟ್ರಾವೆಲರ್ ಮೇಲೆ ಒಳಗೆ ಮನೆ ಕಟ್ಟಿರೋವು. ಒಂದು ಮಾರಾಟಕ್ಕಿದೆ ಅಂತ ಗೊತ್ತಾಯ್ತು. ಯಾರೋ ಎಸ್ಟೇಟಿನವರು ಮಾಡಿಸಿದ್ದಂತೆ, ಎರಡು ವರ್ಷ ಓಡಿಸಿ ಬೇಜಾರಾಗಿ ಬಿಟ್ಟಿದಾರೆ. ಹದಿಮೂರೂವರೆ ಹೇಳ್ತಿದ್ರು.

ಭಾವನ್ನ ಕರ್ಕೊಂಡು ಹೋದೆ. ಭಾವ ಭದ್ರಾವತಿಯಲ್ಲಿ ಮೆಕ್ಯಾನಿಕ್ಕು, ಮೊದಲು ವಿಐಎಸ್‌ಎಲ್‌ನಲ್ಲಿ ಗುತ್ತಿಗೆ ಕೆಲಸದಲ್ಲಿದ್ದವರು. ಯಾರ್ಡಿನ ಗೇಟ್ ದಾಟಿದ ತಕ್ಷಣ ಅಲ್ಲಿನವನು ಕೇಳಿದ ಮೊದಲ ಮಾತು: "ಓನರ್ ಬಂದಿಲ್ವಾ?" ನಮ್ಮನ್ನ ಡ್ರೈವರ್ರು, ಕ್ಲೀನರ್ರು ಅಂದ್ಕೊಂಡಿದಾನೆ. ನಾನೇ ತಗೊಳೋದು ಅಂದ ಮೇಲೆ 'ಸಾರ್' ಶುರುವಾಯ್ತು. ಕೂರ್ಸಿ ಟೀ ತರಿಸಿದ. ಎರಡು ಗುಟುಕು ಕುಡಿಯೋದ್ರೊಳಗೆ "ಯಾವೂರಾಯ್ತು ಸಾರ್? ಯಾವ ಕಡೆಯೋರು?" ಅಂದ. ಈ 'ಯಾವ ಕಡೆ'ಗೆ ಉತ್ತರ ದಿಕ್ಕಲ್ಲ ಅಂತ ನಮಗೆಲ್ಲ ಗೊತ್ತು. ಶಂಕರಘಟ್ಟದಲ್ಲಿ ಬಾಡಿಗೆ ಮನೆ ಹುಡುಕಿದಾಗಲೂ ಇದೇ ಪ್ರಶ್ನೆ, ಇದೇ ರಾಗ. ನೇರವಾಗಿ ಹೇಳಿದೆ. ಅವನೇನೂ ಕೆಟ್ಟದಾಗಿ ನಡ್ಕೊಳ್ಳಲಿಲ್ಲ, ಸುಳ್ಳು ಹೇಳಬಾರದು. ಆದ್ರೆ ಅಲ್ಲಿಂದ ಮುಂದೆ ಮಾತಲ್ಲಿ 'ಸಾರ್' ಇರಲಿಲ್ಲ.

ಭಾವ ಅಷ್ಟೊತ್ತಿಗೆ ಗಾಡಿ ಕೆಳಗಿದ್ರು. ಅವರು ನೋಡಿದ ರೀತಿ ಬರೀತೀನಿ, ಮೊದಲ ಸಲ ಹಳೇ ಗಾಡಿ ತಗೊಳೋ ಯಾರಿಗಾದ್ರೂ ಉಪಯೋಗಕ್ಕೆ ಬರ್ಲಿ. ಮೊದಲು ಬಾನೆಟ್ ಮೇಲೆ ಕೈ ಇಟ್ರು. ಬಿಸಿ ಇತ್ತು. "ನಾವು ಬರ್ತೀವಿ ಅಂತ ಮೊದಲೇ ಸ್ಟಾರ್ಟ್ ಮಾಡಿ ಇಟ್ಟಿದಾರೆ, ತಣ್ಣಗಿರೋವಾಗ ಸ್ಟಾರ್ಟಿಂಗ್ ಟ್ರಬಲ್ ಇರ್ಬೇಕು" ಅಂದ್ರು. ಇಂಜಿನ್ ಓಡ್ತಾ ಇರೋವಾಗ ಆಯಿಲ್ ಹಾಕೋ ಮುಚ್ಚಳ ತೆಗೆದು ನೋಡಿದ್ರು, ಹೊಗೆ ದಬದಬ ಅಂತ ಬಂದ್ರೆ ಬ್ಯಾಕ್ ಕಂಪ್ರೆಷನ್, ಇಂಜಿನ್ ಕೆಲಸಕ್ಕೆ ಬಂದಿದೆ ಅಂತ ಅರ್ಥ. ಇದರಲ್ಲಿ ಸ್ವಲ್ಪ ಇತ್ತು, ಭಯ ಪಡೋಷ್ಟಿಲ್ಲ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ, ಮೊದಲೆರಡು ವಾರ, ಕೊನೆಯೆರಡು ವರ್ಷ. ಮೀಟರಲ್ಲಿ ಮೂವತ್ತೆಂಟು ಸಾವಿರ ಕಿಲೋಮೀಟರ್ ತೋರಿಸ್ತಿತ್ತು. ಹೊಸ ಟೈರು, ಸವೆದ ಪೆಡಲ್ಲು, ಕಮ್ಮಿ ಕಿಲೋಮೀಟರು, ಈ ಮೂರೂ ಒಟ್ಟಿಗೆ ಇದ್ರೆ ಮೀಟರ್ ತಿರುಗಿಸಿದಾರೆ ಅಂತ ಅನುಮಾನ ಪಡಬೇಕಂತೆ. ಒಳಗೆ ಮಂಚದ ಹಿಂದಿನ ಪ್ಲೈವುಡ್ಡನ್ನ ಹೆಬ್ಬೆರಳಲ್ಲಿ ಒತ್ತಿದ್ರು, ಬ್ರೆಡ್ ಥರ ಒಳಗೆ ಹೋಯ್ತು. ಮೇಲೆ ಎಸಿ ಕೂರಿಸಿದ ಜಾಗದಿಂದ ನೀರು ಇಳಿದಿದೆ. ನಮ್ಮ ಮಲೆನಾಡ ಮಳೆಗೆ ಎರಡು ವರ್ಷ ಬಯಲಲ್ಲಿ ನಿಂತ ಗಾಡಿ ಇನ್ನೇನಾಗುತ್ತೆ. ಗ್ಯಾಸ್ ಸಿಲಿಂಡರ್ ಇಡೋ ಕಪಾಟಿಗೆ ಗಾಳಿ ಹೋಗೋಕೆ ಒಂದು ತೂತೂ ಇರಲಿಲ್ಲ.

ಆದ್ರೂ ನಿಜ ಹೇಳ್ತೀನಿ, ನನಗೆ ಆಸೆ ಆಗಿತ್ತು. ಆ ಮಂಚದ ಮೇಲೆ ಐದು ನಿಮಿಷ ಮಲಗಿ ನೋಡಿದೆ. ಸಣ್ಣ ಕಿಟಕಿ, ಅದಕ್ಕೆ ಕರ್ಟನ್ನು. ಯಾರ ಹತ್ರಾನೂ ಜಾಗ ಕೇಳದೆ ಮಲಗೋದು ಹೇಗಿರುತ್ತೆ ಅಂತ ಅನ್ನಿಸ್ತು.

ಟಾಯ್ಲೆಟ್ ಬಾಗಿಲು ತೆಗೆದಾಗ ನಾತ ಬಡೀತು. ಎಸ್ಟೇಟಿನವರು ಕೊನೇ ಸಲ ಬಳಸಿದ್ದು ಇನ್ನೂ ಹಾಗೇ ಇದೆ. ಭಾವ ಕೆಳಗೆ ಬಗ್ಗಿ ನೋಡಿ ನನ್ನನ್ನ ಕರೆದ್ರು. ಚಾಸಿಗೆ ಒಂದು ಕಬ್ಬಿಣದ ಟ್ಯಾಂಕು ವೆಲ್ಡ್ ಮಾಡಿದಾರೆ. ಅದಕ್ಕೆ ವಾಲ್ವ್ ಇಲ್ಲ, ಪೈಪ್ ಹಾಕೋ ಬಾಯಿ ಇಲ್ಲ. ಕೆಳಗೊಂದು ತಗಡಿನ ಮುಚ್ಚಳ, ಆರು ಬೋಲ್ಟು. ಅಂದ್ರೆ ಯಾರಾದ್ರೂ ಮನುಷ್ಯ ಗಾಡಿ ಕೆಳಗೆ ಅಂಗಾತ ಮಲಗಿ, ಬೋಲ್ಟು ಬಿಚ್ಚಿ, ಬಕೆಟ್ ಹಿಡೀಬೇಕು. ಇದನ್ನ ಹೆಂಗೆ ಖಾಲಿ ಮಾಡ್ತಿದ್ರು ಅಂತ ಕೇಳಿದೆ.

"ಅದಾ? ಅದಕ್ಕೆ ಜನ ಇದಾರೆ. ಐನೂರು ಕೊಟ್ರೆ ಬಂದು ತೆಗೆದು ಹೋಗ್ತಾರೆ. ಡೆಲಿವರಿಗೆ ಮುಂಚೆ ನಾವೇ ಕರೆಸಿ ಮಾಡ್ಸಿ ಕೊಡ್ತೀವಿ."

"ಯಾವ ಜನ?" ಅಂದೆ.

ಅವನು ಬಾಯಿ ತೆಗೆದವನು ನನ್ನ ಮುಖ ನೋಡಿ ಸುಮ್ಮನಾದ. ಗಾಡಿ ಒರೆಸ್ತಿದ್ದ ಹುಡುಗನ ಕೈನೂ ನಿಂತಿತ್ತು.

ನಮ್ಮ ಅಜ್ಜ, ಅವ್ವನ ಅಪ್ಪ, ಮಲದ ಡಬ್ಬ ಹೊತ್ತವನು. ಅವನ ತಲೆಯಿಂದ ಡಬ್ಬ ಇಳಿದಿದ್ದು 1970ರ ದಶಕದಲ್ಲಿ, ಅರಸು ಸರ್ಕಾರದಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ಮಲ ಹೊರೋ ಪದ್ಧತಿ ನಿಷೇಧ ಮಾಡಿದ ಮೇಲೆ. ಬಸವಲಿಂಗಪ್ಪ ಅಂದ್ರೆ ಎಲ್ಲರಿಗೂ ಬೂಸಾ ಗಲಾಟೆ ನೆನಪಾಗುತ್ತೆ. ನಮ್ಮನೇಲಿ ನೆನಪಾಗೋದು ಆ ಡಬ್ಬ. 1993ರಲ್ಲಿ ಕೇಂದ್ರದ ಕಾನೂನು ಬಂತು. 2010ರಲ್ಲಿ ಸವಣೂರಿನ ನಮ್ಮ ಜನ ಮೈಮೇಲೆ ಮಲ ಸುರ್ಕೊಂಡು ಪ್ರತಿಭಟನೆ ಮಾಡಬೇಕಾಯ್ತು. 2013ರಲ್ಲಿ ಇನ್ನೊಂದು ಕಾನೂನು. ಗುಂಡಿಯಲ್ಲಿ ಸತ್ತವರ ಮನೆಗೆ ಹತ್ತು ಲಕ್ಷ ಕೊಡಿ ಅಂತ 2014ರಲ್ಲಿ ಹೇಳಿದ ಸುಪ್ರೀಂ ಕೋರ್ಟು 2023ರಲ್ಲಿ ಅದನ್ನ ಮೂವತ್ತು ಲಕ್ಷ ಮಾಡಿತು. ಸಾವಿನ ರೇಟು ಏರ್ತಾ ಇದೆ. ಇತ್ತ ಲಕ್ಷಾಂತರ ರೂಪಾಯಿ ಹಾಕಿ, ಎಲ್‌ಇಡಿ ಲೈಟು ಹಾಕಿಸಿ, ಲಕ್ಷುರಿ ಗಾಡಿ ಮಾಡಿಸಿದವನು ಮೂರು ಸಾವಿರದ ಒಂದು ವಾಲ್ವ್ ಹಾಕಿಸಿಲ್ಲ. ಯಾಕಂದ್ರೆ ಅವನ ಲೆಕ್ಕದಲ್ಲಿ ವಾಲ್ವ್ ಇತ್ತು. ಐನೂರು ರೂಪಾಯಿಗೆ ಬರೋ ಮನುಷ್ಯನೇ ಆ ವಾಲ್ವು.

ವಾಪಸ್ ಬಂದ ರಾತ್ರಿ ಗ್ರೂಪಲ್ಲಿ ಬರೆದೆ: ಟಾಯ್ಲೆಟ್ ಇರೋ ಗಾಡಿ ಬೇಡ, ಬರೀ ಮಲಗೋಕೆ ಆಗೋದು ನೋಡೋಣ. ಸಿದ್ಧಾಂತದ ನಾಲ್ಕು ಮಾತೂ ಸೇರಿಸಿದ್ದೆ, ಸಿಟ್ಟಲ್ಲಿ ಚೆನ್ನಾಗೇ ಬಂದಿತ್ತು. ವಕೀಲೆ ಅಕ್ಕ ಫೋನ್ ಮಾಡಿದ್ರು. "ನಿಂಗೆ ಸಿದ್ಧಾಂತ ಕಣೋ, ನಂಗೆ ಕಿಡ್ನಿ" ಅಂದ್ರು. "ಟಾಯ್ಲೆಟ್ ಇಲ್ಲದ ಗಾಡಿ ಬೇಕಿದ್ರೆ ನಂಗೆ ಬಸ್ಸೇ ಸಾಕಿತ್ತಲ್ಲ? ಖಾಲಿ ಮಾಡೋದು ಹೇಗೆ ಅಂತ ಯೋಚನೆ ಮಾಡು, ಬೇಡ ಅನ್ನೋದು ಸುಲಭ." ನನ್ನ ಹತ್ರ ಉತ್ತರ ಇರಲಿಲ್ಲ.

ಭಾವನೇ ದಾರಿ ಹೇಳಿದ್ದು. ಕ್ಯಾಸೆಟ್ ಟಾಯ್ಲೆಟ್ ಅಂತ ಬರುತ್ತೆ. ಸೀಟಿನ ಕೆಳಗೆ ಮುಚ್ಚಳ ಇರೋ ಸಣ್ಣ ಡಬ್ಬ, ಹೊರಗಿನ ಬಾಗಿಲಿಂದ ಎಳೀಬಹುದು, ತಗೊಂಡು ಹೋಗಿ ಸರಿಯಾದ ಟಾಯ್ಲೆಟ್ಟಿಗೆ ಸುರಿದು ತೊಳೆದು ಹಾಕಬಹುದು. ಯಾರೂ ಕೆಳಗೆ ಮಲಗಬೇಕಿಲ್ಲ, ಯಾರನ್ನೂ ಕರೆಸಬೇಕಿಲ್ಲ. ಬಳಸಿದವರೇ ಮಾಡೋದು. ಸರಿ, ಪಾಳಿ ಹಾಕೋಣ ಅಂತ ಮೀಟಿಂಗ್ ಕರೆದ್ವಿ. ಪಾಳಿ ಮಾತು ಬಂದಾಗ ನಮ್ಮ ಜೊತೆ ಎಲ್ಲ ಹೋರಾಟಕ್ಕೂ ಬರೋ, ನನಗಿಂತ ಚೆನ್ನಾಗಿ ಭಾಷಣ ಮಾಡೋ ಪ್ರಗತಿಪರ ಗೆಳೆಯರೊಬ್ಬರು ಫೋನ್ ನೋಡ್ಕೊಂಡು ಕೂತ್ರು. (ಅವರೂ ಇದನ್ನ ಓದ್ತಾರೆ. ಓದ್ಲಿ.) ಅವರನ್ನಷ್ಟೇ ಹೇಳಿ ನಾನು ತಪ್ಪಿಸ್ಕೊಳ್ಳಲ್ಲ. ಡಬ್ಬ ಅನ್ನೋ ಪದ ಕೇಳಿದ್ರೇನೇ ನನಗೆ ಹೊಟ್ಟೆ ತೊಳೆಸುತ್ತೆ. ಓದಿ, ಎಂಎ ಮಾಡಿ, ಇಷ್ಟು ದೂರ ಬಂದಿದ್ದು ಆ ಡಬ್ಬದಿಂದ ದೂರ ಹೋಗೋಕೆ ತಾನೆ? ತಿರುಗಿ ಅದನ್ನೇ ಕೈಯಲ್ಲಿ ಹಿಡೀಲಾ?

ಅವ್ವನಿಗೆ ಹೇಳಿದೆ. ಇಪ್ಪತ್ತೆರಡು ವರ್ಷ ಭದ್ರಾವತಿ ಬೀದಿ ಗುಡಿಸಿದವಳು. ಸೊಪ್ಪು ಬಿಡಿಸ್ತಾ ಇದ್ಲು, ತಲೆ ಎತ್ತಲಿಲ್ಲ. "ನಿಮ್ಮಜ್ಜ ತೆಗೆದಿದ್ದು ಊರಿನೋರದ್ದು ಕಣಪ್ಪ. ನಿಂದು ನೀನು ತೆಗೆಯೋಕೆ ಏನು ರೋಗ?"

ಈಗ ಪಾಳಿ ಪಟ್ಟಿಯಲ್ಲಿ ಮೊದಲ ಹೆಸರು ನಂದು.

ಆ ಗಾಡಿ ಬಿಟ್ವಿ. ಟ್ಯಾಂಕಿಗಷ್ಟೇ ಅಲ್ಲ, ಭಾವ ನಂಬರ್ ಹಾಕಿ ಪರಿವಾಹನ್ ಆ್ಯಪಲ್ಲಿ ನೋಡಿದ್ರೆ ಇನ್ನೂ ಫೈನಾನ್ಸಿನ ಹೆಸರು ಹಾಗೇ ಇದೆ, ಸಾಲ ತೀರಿಲ್ಲ. ಮೇಲಾಗಿ ಆರ್‌ಸಿಯಲ್ಲಿ ಅದು ಹನ್ನೆರಡು ಸೀಟಿನ ಮ್ಯಾಕ್ಸಿ ಕ್ಯಾಬು. ಒಳಗೆ ಸೀಟೇ ಇಲ್ಲ, ಮಂಚ ಇದೆ! ಆರ್‌ಸಿಯಲ್ಲಿ ಇರೋದು ಬಿಟ್ಟು ಗಾಡಿ ಬದಲಾಯಿಸೋ ಹಾಗಿಲ್ಲ ಅಂತ ಮೋಟಾರು ವಾಹನ ಕಾಯ್ದೆ ಸೆಕ್ಷನ್ 52 ಹೇಳುತ್ತೆ, 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿದೆ. ಆಕ್ಸಿಡೆಂಟ್ ಆದ್ರೆ ಇನ್ಶೂರೆನ್ಸಿನವರು ಕೈ ಎತ್ತೋಕೆ ಅಷ್ಟು ಸಾಕು. ನಮ್ಮಂಥವರ ಗಾಡಿಯನ್ನ ಯಾವ ಊರಿನ ದಾರಿಯಲ್ಲಿ ಯಾರು ನಿಲ್ಲಿಸಿ ಏನು ಕೇಳ್ತಾರೆ ಅಂತ ನಿಮಗೆ ಹೇಳಬೇಕಾಗಿಲ್ಲ, ಕಾಗದ ಪತ್ರ ಒಂದಿಂಚೂ ಆಚೀಚೆ ಇರಬಾರದು.

ಈಗ ನಿಮ್ಮ ಕೆಲಸ. ನಮಗೆ ಬೇಕಿರೋದು: ಟ್ರಾವೆಲರ್ ಅಥವಾ ಆ ಸೈಜಿನ ಗಾಡಿ, ಎತ್ತರದ ರೂಫು, ಡೀಸೆಲ್ಲು, ಒಂಬತ್ತೂವರೆ ಲಕ್ಷದೊಳಗೆ. ಕ್ಯಾಂಪರ್ ವ್ಯಾನ್ ಅಂತಲೇ ಆರ್‌ಸಿ ಇದ್ರೆ ಬಹಳ ಒಳ್ಳೇದು, ಇಲ್ಲದಿದ್ರೆ ಆರ್‌ಟಿಓ ಅನುಮತಿ ತಗೊಂಡು ನಾವೇ ಮಾಡಿಸ್ತೀವಿ. ಸಾಲ ಇದ್ರೆ ಫಾರಂ 35 ಸಮೇತ ಕೊಡಬೇಕು, ಫಾರಂ 29, 30ಕ್ಕೆ ಓನರೇ ಬಂದು ಸಹಿ ಹಾಕಬೇಕು, ಬ್ರೋಕರ್ ಕೈಲಿರೋ ಖಾಲಿ ಸಹಿ ಪೇಪರ್ ಬೇಡ. ಗೊತ್ತಿದ್ದವರು ಇನ್‌ಬಾಕ್ಸಿಗೆ ಹಾಕಿ, ಕಾಮೆಂಟಲ್ಲಿ ನಂಬರ್ ಹಾಕಬೇಡಿ. ದಾವಣಗೆರೆಯಲ್ಲಿ ಒಂದು ಇದೆ ಅಂತ ನಿನ್ನೆ ಫೋನ್ ಬಂದಿದೆ, ಸ್ಕೂಲಿಗೆ ಓಡ್ತಿದ್ದ ಗಾಡಿಯಂತೆ. ಭಾವ ಭಾನುವಾರ ಬಿಡುವಾಗಿದಾರೆ. ಹೇಳದೆ ಕೇಳದೆ ಬೆಳಿಗ್ಗೆ ಏಳಕ್ಕೇ ಹೋಗ್ಬೇಕು, ಇಂಜಿನ್ ತಣ್ಣಗಿರೋವಾಗ.