ಗಾಲ್ಫ್ ಮೈದಾನವೂ ನಮ್ಮ ಗೋಮಾಳವೂ

ಚಾಮುಂಡಿ ಬೆಟ್ಟದ ದಾರಿಯಲ್ಲಿ ನಿಂತು ಮೈಸೂರು ನಗರವನ್ನು ನೋಡುವವರ ಕಣ್ಣು ಮೊದಲು ಅರಮನೆಯ ಗೋಪುರಗಳನ್ನು ಅರಸುತ್ತದೆ. ಬಳಿಕ ಬೆಟ್ಟದ ಬುಡದಲ್ಲಿ ಕುದುರೆ ಪಂದ್ಯದ ಮೈದಾನವೂ, ಅದಕ್ಕೆ ಹೊಂದಿದಂತೆಯೇ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್ಬಿನ ಹಸುರು ಪಟ್ಟಿಗಳೂ ಕಾಣುತ್ತವೆ. ನಾವು ಆ ಆಟವನ್ನು ಆಡುವವರಲ್ಲ. ಆಡುವ ವಯಸ್ಸೂ ನಮ್ಮದಲ್ಲ, ಹಣದ ಚೀಲವೂ ನಮ್ಮದಲ್ಲ. ಆದರೂ ಇಂತಹ ಮೈದಾನವನ್ನು ಯಾರು ಗೆರೆಯೆಳೆದು ರಚಿಸುತ್ತಾರೆ, ಯಾವ ಲೆಕ್ಕದ ಮೇಲೆ ರಚಿಸುತ್ತಾರೆ ಎಂಬ ಕುತೂಹಲವು ಒಮ್ಮೆ ಹುಟ್ಟಿತು, ಮತ್ತೆ ಬಿಡಲಿಲ್ಲ. ಅದರ ಬೆನ್ನು ಹತ್ತಿ ಕೆಲವು ಗ್ರಂಥಗಳನ್ನು ಓದಿದೆವು.

ಮನೆ ಕಟ್ಟುವ ಶಿಲ್ಪಿಗೆ ಕಲ್ಲು ಮರಗಳು ಹೇಗೋ ಈ ಶಿಲ್ಪಿಗೆ ನೆಲದ ಏರುತಗ್ಗುಗಳೇ ಹಾಗೆ. ಹದಿನೆಂಟು ಕುಳಿಗಳಿಗೆ ಹದಿನೆಂಟು ದಾರಿಗಳನ್ನು ಅವನು ಹಾಕಬೇಕು. ಒಂದು ದಾರಿ ಗಾಳಿಗೆ ಎದುರಾದರೆ ಇನ್ನೊಂದು ಗಾಳಿಯ ಜೊತೆಗೆ ಹೋಗಬೇಕು. ಮಳೆಯ ನೀರು ಎಲ್ಲಿ ನಿಲ್ಲುತ್ತದೆ, ಎತ್ತ ಹರಿಯುತ್ತದೆ ಎಂಬುದನ್ನು ಮೊದಲೇ ಅರಿತಿರಬೇಕು. ಕೊನೆಗೆ, ಮಾಡಿದ್ದೆಲ್ಲವೂ ಮಾಡಿದ್ದೆಂದು ತೋರದಿರಬೇಕು. ಅಲಿಸ್ಟರ್ ಮೆಕೆಂಜಿ ಎಂಬ ವೈದ್ಯನು ಬೋಯರ್ ಯುದ್ಧಕಾಲದಲ್ಲಿ ದಕ್ಷಿಣ ಆಫ್ರಿಕದಲ್ಲಿದ್ದು, ಬೋಯರರು ತಮ್ಮ ಕಂದಕಗಳನ್ನು ಸುತ್ತಣ ನೆಲದಲ್ಲಿ ಬೆರೆತುಹೋಗುವಂತೆ ತೋಡುತ್ತಿದ್ದುದನ್ನು ಕಂಡನಂತೆ. ಮುಂದೆ ಅವನು ವೈದ್ಯವೃತ್ತಿಯನ್ನು ಬಿಟ್ಟು ಗಾಲ್ಫ್ ಮೈದಾನಗಳ ಶಿಲ್ಪಿಯಾದನು. ಬಾಬಿ ಜೋನ್ಸನೊಡನೆ ಅವನು ರಚಿಸಿದ ಅಮೆರಿಕದ ಆಗಸ್ಟಾ ಮೈದಾನವು ೧೯೩೩ರಲ್ಲಿ ತೆರೆಯಿತು. ಶತ್ರುವಿನ ಕಣ್ಣಿಗೆ ಮಣ್ಣೆರಚುವ ವಿದ್ಯೆಯು ಆಟಗಾರನ ಕಣ್ಣನ್ನು ತಣಿಸಲು ಬಂದಿತೆಂದು ಹೇಳಬಹುದು.

ಆದರೆ ಈ ಶಿಲ್ಪಿಗಳೆಲ್ಲರೂ ಗುರುವೆಂದು ನೆನೆಯುವ ಮೈದಾನಕ್ಕೆ ಶಿಲ್ಪಿಯೇ ಇಲ್ಲವೆಂಬುದು ಸೋಜಿಗದ ಮಾತು. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಎಂಬ ಊರಿನ ಕಡಲ ಕರೆಯಲ್ಲಿ, ಉಳುಮೆಗೆ ಬಾರದ ಮರಳುನೆಲ ಊರೊಟ್ಟಿನ ಸ್ವತ್ತಾಗಿತ್ತು. ಕುರಿಗಳೂ ಮೊಲಗಳೂ ಮೇದು ಅಲ್ಲಿನ ಹುಲ್ಲು ಗಿಡ್ಡಾಗಿರುತ್ತಿತ್ತು. ಚಳಿಗಾಳಿಗೆ ಹೆದರಿ ಕುರಿಗಳು ದಿಣ್ಣೆಯ ಮರೆಯಲ್ಲಿ ಮಲಗಿ ಮಲಗಿ ಹುಲ್ಲು ಸವೆದು ಮರಳು ಕಂಡ ಗುಳಿಗಳೇ ಇಂದಿನ ಬಂಕರುಗಳ ಮೂಲವೆಂದು ಹೇಳುತ್ತಾರೆ. ೧೭೬೪ರಲ್ಲಿ ಆ ಊರಿನವರು ಇಪ್ಪತ್ತೆರಡು ಕುಳಿಗಳ ಸುತ್ತನ್ನು ಹದಿನೆಂಟಕ್ಕೆ ಇಳಿಸಿದರು. ಲೋಕವೆಲ್ಲ ಆ ಲೆಕ್ಕವನ್ನೇ ಹಿಡಿಯಿತು. ಸಾಲದಲ್ಲಿ ಮುಳುಗಿದ ಪುರಸಭೆಯು ೧೭೯೭ರಲ್ಲಿ ಆ ನೆಲವನ್ನು ಕೈಬಿಟ್ಟಾಗ, ಅದು ಮೊಲ ಸಾಕುವವರ ವಶವಾಗಿ, ಊರಿನಲ್ಲಿ ವರ್ಷಗಟ್ಟಲೆ ವ್ಯಾಜ್ಯ ನಡೆಯಿತು. ಕಡೆಗೆ ೧೮೯೪ರಲ್ಲಿ ಶಾಸನದ ಮೂಲಕ ಪಟ್ಟಣವೇ ಅದನ್ನು ಮರಳಿ ಪಡೆಯಿತು. ಈಗಲೂ ಭಾನುವಾರದಲ್ಲಿ ಅಲ್ಲಿನ ಹಳೆಯ ಮೈದಾನದಲ್ಲಿ ಸಾಮಾನ್ಯವಾಗಿ ಆಟವಿಲ್ಲ. ಊರ ಮಂದಿ ಮಕ್ಕಳು ಮರಿಗಳೊಡನೆ ಅಡ್ಡಾಡುತ್ತಾರೆ.

ಇದನ್ನು ಓದಿದ ಮೇಲೆ ನಮಗೆ ಮೈಸೂರಿನ ಪಶ್ಚಿಮದ ತಾಲ್ಲೂಕುಗಳು ಬೇರೆಯಾಗಿಯೇ ಕಾಣತೊಡಗಿದವು. ಹುಣಸೂರಿನ ಕಡೆಗೆ ಹೊರಟವರು ರಸ್ತೆಯ ಎರಡು ಕಡೆಯ ಹೊಗೆಸೊಪ್ಪಿನ ಹೊಲಗಳನ್ನೂ ಅದನ್ನು ಹದಮಾಡುವ ಎತ್ತರದ ಬ್ಯಾರನ್ನುಗಳನ್ನೂ ನೋಡುತ್ತಾರೆ. ನಾವು ದಿಣ್ಣೆ ಹಳ್ಳಗಳನ್ನು ನೋಡುತ್ತ ಹೋದೆವು. ಹತ್ತೊಂಬತ್ತನೆಯ ಶತಮಾನದಲ್ಲಿ ಹುಣಸೂರು ಅಮೃತಮಹಲ್ ದನಗಳ ಆಡಳಿತಕ್ಕೆ ಹೆಸರಾದ ಊರು. ಆ ದನಗಳಿಗಾಗಿ ದೊರೆಗಳು ಕಾವಲುಗಳನ್ನು ಮೀಸಲಿಟ್ಟಿದ್ದರು. ಊರ ದನಕುರಿಗಳಿಗೆ ಊರ ಗೋಮಾಳವಿದ್ದಿತು. ಸೇಂಟ್ ಆಂಡ್ರೂಸಿನ ಕರೆಯ ನೆಲಕ್ಕೂ ಇವಕ್ಕೂ ಗುಣದಲ್ಲಿ ಎಷ್ಟರ ಅಂತರ?

ಹುಣಸೂರಿನ ಆಚೆ ಒಂದು ಹಳ್ಳಿಯ ಹೊರಗೆ ಕುರಿ ಕಾಯುತ್ತಿದ್ದ ಮುದುಕನೊಬ್ಬನು ಸಿಕ್ಕಿದನು. ದಿಣ್ಣೆಯ ಒಂದೇ ಮಗ್ಗುಲಲ್ಲಿ ಹುಲ್ಲು ಸವೆದು ಕೆಮ್ಮಣ್ಣು ಕಾಣುತ್ತಿದ್ದುದನ್ನು ತೋರಿಸಿ ಕಾರಣ ಕೇಳಿದೆವು. ಕೇಳುವವರಿಗೆ ಇಷ್ಟೂ ತಿಳಿಯದೆ ಎಂಬಂತೆ ಅವನು ನಮ್ಮನ್ನು ನೋಡಿ, “ಗಾಳಿ ಪಡುವಲಿಂದ ಬೀಸ್ತದೆ ಸ್ವಾಮಿ. ಕುರಿ ಮೂಡಲ ಮಗ್ಗುಲಿಗೇ ಮಲಗ್ತವೆ” ಎಂದನು. ಗ್ರಂಥದಲ್ಲಿ ಓದಿದ ಬಂಕರು ನಮ್ಮ ಕಾಲ ಬುಡದಲ್ಲಿಯೇ ಇದ್ದಿತು! ಬಳಿಕ ಅವನು ಕೋಲೆತ್ತಿ ದೂರದ ಹುಣಿಸೆಯ ಮರವನ್ನು ತೋರಿಸಿದನು. “ನಮ್ಮಪ್ಪನ ಕಾಲದಾಗೆ ಆ ಮರದ ತಂಕ ಗೋಮಾಳವೇ. ಈಗ ಇಷ್ಟೇ ಉಳಿದಿರೋದು.” ಮರದವರೆಗೂ ಹೊಗೆಸೊಪ್ಪು ಸಾಲಾಗಿ ನಿಂತಿತ್ತು. ಅವನ ಕುರಿಗಳು ಮೂವತ್ತೋ ನಲವತ್ತೋ ಇದ್ದಿರಬಹುದು. ಅವುಗಳಿಗೆ ಉಳಿದದ್ದು ಆ ದಿಣ್ಣೆಯೊಂದೇ.

ಪಿರಿಯಾಪಟ್ಟಣದಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಅಲ್ಲಿಂದಾಚೆಗೆ ಕೊಡಗು, ವೀರರಾಜಪೇಟೆಯ ಹತ್ತಿರ ಬಿಟ್ಟಂಗಾಲದಲ್ಲಿ ಗಾಲ್ಫ್ ಮೈದಾನವುಂಟು. ಮಳೆ ಧಾರಾಳವಾಗಿರುವ ಸೀಮೆಯಲ್ಲಿ ಹುಲ್ಲಿಗೇನು ಬಡತನ? ಬಯಲುಸೀಮೆಯ ಮಾತು ಬೇರೆ. ನೀರಿಲ್ಲದ ಊರುಗಳಲ್ಲಿ ಕುಳಿಯ ಸುತ್ತ ಹುಲ್ಲಿಗೆ ಬದಲಾಗಿ ಎಣ್ಣೆ ಬೆರೆಸಿದ ಮರಳನ್ನು ಹಾಸಿ, ಅದನ್ನು ಗ್ರೀನ್ ಎನ್ನದೆ ಬ್ರೌನ್ ಎಂದು ಕರೆದು, ಹಿಂದಿನವರು ಆಡಿ ಸಂತೋಷಪಟ್ಟರು. ಬೇಸಗೆಯಲ್ಲಿಯೂ ಹಸುರೇ ಬೇಕೆನ್ನುವ ಇಂದಿನ ಹಟಕ್ಕಿಂತ ಆ ಬ್ರೌನಿನಲ್ಲಿಯೇ ವಿವೇಕ ಹೆಚ್ಚೆಂದು ನಮಗೆ ತೋರುತ್ತದೆ.

ನೀರಿನ ಮಾತು ಬಂದಿತಾಗಿ ಕೃಷ್ಣರಾಜನಗರದ ಸೀಮೆಯನ್ನು ಹೇಳಲೇಬೇಕು. ಎಡತೊರೆಯು ಹೊಳೆಯ ದಂಡೆಯಲ್ಲಿ ಅರ್ಕೇಶ್ವರನ ಗುಡಿಯ ಸುತ್ತ ತಾನಾಗಿ ಬೆಳೆದ ಊರು; ಕೃಷ್ಣರಾಜನಗರವು ಬೀದಿಗಳನ್ನು ಮೊದಲು ಗೆರೆಯೆಳೆದು ಆಮೇಲೆ ಮನೆ ಕಟ್ಟಿದ ಊರು. ನಮ್ಮ ಮನಸ್ಸನ್ನು ಹಿಡಿದದ್ದು ಚುಂಚನಕಟ್ಟೆ. ಕಾವೇರಿಯು ಅಲ್ಲಿ ಬಂಡೆಗಳ ನಡುವೆ ಭೋರ್ಗರೆದು ಧುಮುಕುತ್ತಾಳೆ. ಜನರು ಧಾರೆಯನ್ನು ನೋಡುತ್ತಾರೆ, ಕೋದಂಡರಾಮನ ದರ್ಶನ ಮಾಡುತ್ತಾರೆ, ಬುತ್ತಿ ಬಿಚ್ಚುತ್ತಾರೆ. ಮೇಲಣ ಕಟ್ಟೆಯಿಂದ ಸದ್ದಿಲ್ಲದೆ ಹೊರಡುವ ನಾಲೆಯನ್ನು ನೋಡುವವರು ಕಡಿಮೆ. ಹೊಳೆ ಬೇಗ ಇಳಿಯುತ್ತದೆ, ನಾಲೆ ಮೆಲ್ಲಗೆ ಇಳಿಯುತ್ತದೆ. ಆದ್ದರಿಂದ ಮುಂದೆ ಹೋದಷ್ಟೂ ನಾಲೆ ಹೊಳೆಗಿಂತ ಎತ್ತರದಲ್ಲಿದ್ದು, ನಡುವಣ ನೆಲವೆಲ್ಲ ಗದ್ದೆಯಾಗುತ್ತದೆ. ದಿಣ್ಣೆ ಬಂದಲ್ಲಿ ಅದನ್ನು ಕಡಿಯದೆ ಬಳಸಿಹೋಗುವ ಆ ಓಟವನ್ನು ಹಾಕಿದವರು ನೆಲವನ್ನು ಎಷ್ಟು ಬಲ್ಲವರಾಗಿದ್ದಿರಬೇಕು! ಲಕ್ಷ್ಮಣತೀರ್ಥಕ್ಕೆ ಹನಗೋಡಿನಲ್ಲಿ ಕಟ್ಟಿರುವ ಅಣೆಯೂ ಇದೇ ವಿದ್ಯೆಯ ಫಲವೇ. ಮೆಕೆಂಜಿಯು ಇವನ್ನು ಕಂಡಿದ್ದರೆ ಟೋಪಿ ತೆಗೆಯುತ್ತಿದ್ದನೆಂದು ನಮ್ಮ ನಂಬಿಕೆ.

ಕೊನೆಗೆ ಹೆಗ್ಗಡದೇವನಕೋಟೆಗೆ ಬೇಸಗೆಯಲ್ಲಿ ಹೋದೆವು. ೧೯೭೪ರಲ್ಲಿ ಪೂರ್ತಿಯಾದ ಕಬಿನಿಯ ಅಣೆಕಟ್ಟಿನ ಹಿನ್ನೀರಿನಲ್ಲಿ ಊರುಗಳೂ ಕಾಡೂ ಮುಳುಗಿದವು. ಸತ್ತ ಮರಗಳ ಬೊಡ್ಡೆಗಳು ಇಂದಿಗೂ ನೀರಿನಿಂದ ತಲೆಯೆತ್ತಿ ನಿಂತಿವೆ. ಬೇಸಗೆಯಲ್ಲಿ ನೀರು ಹಿಂದೆ ಸರಿದ ಹಾಗೆಲ್ಲ ಹೊಸ ನೆಲ ಹೊರಬಿದ್ದು ಎಳೆಹುಲ್ಲು ಚಿಗುರುತ್ತದೆ. ಆಗ ಒಂದು ದಡಕ್ಕೆ ನಾಗರಹೊಳೆಯಿಂದಲೂ ಇನ್ನೊಂದಕ್ಕೆ ಬಂಡೀಪುರದಿಂದಲೂ ಆನೆಗಳು ಹಿಂಡುಹಿಂಡಾಗಿ ಇಳಿಯುತ್ತವೆ. ಜಿಂಕೆ, ಕಾಟಿಗಳೂ ಬರುತ್ತವೆ. ಅವೆಲ್ಲ ಮೇದ ಹುಲ್ಲು ಕತ್ತರಿಯಿಂದ ಕತ್ತರಿಸಿದಷ್ಟು ಸಮವಾಗಿತ್ತು. ತಗ್ಗುದಿಣ್ಣೆಗಳ ಮೇಲೆ ಸಂಜೆಯ ಬಿಸಿಲು ಓರೆಯಾಗಿ ಬಿದ್ದಾಗ, ಯಾವ ಶಿಲ್ಪಿಯೂ ಹಾಕದ ಹದಿನೆಂಟು ದಾರಿಗಳನ್ನು ನಾವು ಕಣ್ಣಿನಲ್ಲಿಯೇ ಎಣಿಸಿದೆವು.

ಕಾಡಿನಿಂದ ದೂರವಾದ ಈಚಿನ ಅಂಚಿನಲ್ಲಿ ಹಳ್ಳಿಯ ದನಗಳು ಮೇಯುತ್ತಿದ್ದವು. ಕಾಯುತ್ತಿದ್ದ ಹೆಂಗಸು ಮೂಡಣಕ್ಕೆ ಒಂದು ಕಣ್ಣು, ಕಾಡಿನ ಕಡೆಗೆ ಒಂದು ಕಣ್ಣು ಇಟ್ಟುಕೊಂಡಿದ್ದಳು. ಎಷ್ಟು ದಿನ ಈ ಮೇವು ಎಂದು ಕೇಳಿದೆವು. “ವಯನಾಡಲ್ಲಿ ಮಳೆ ಹಿಡಿಯೋ ತಂಕ. ಆಮ್ಯಾಕೆ ಇದೆಲ್ಲ ನೀರೇ” ಎಂದು ಹೇಳಿ, ದನಗಳನ್ನು ತಿರುಗಿಸಿಕೊಂಡು ದಡದ ಕಡೆಗೆ ಹೊರಟಳು.